ಮೆತ್ತಗೆ ಎಂಬ ಬೈಗುಳ

ರೋಸ್ಕೊ ಟಿಬ್ಸ್‌ನ ಅದೃಷ್ಟಕ್ಕೆ ಕಲ್ಲು ಬಿದ್ದದ್ದು ಒಂದೇ ಒಂದು ಮಾತಿನಿಂದ. ಕಳೆದ ವರ್ಷ ದೊಡ್ಡ ತಂಡವೊಂದಕ್ಕೆ ಆಟಗಾರರನ್ನು ಹುಡುಕಿಕೊಂಡು ಬಂದ ಸ್ಕೌಟ್ ಒಬ್ಬ ಇವನ ಆಟವನ್ನು ಬಿಸಿಲಲ್ಲಿ ನಿಂತು ನೋಡಿದ. ಹೊರಡುವಾಗ ಕಾರಿನ ಕಿಟಕಿಯಿಂದ ಕೋಚ್ ಹಬರ್ಡ್‌ಗೆ ಇಷ್ಟೇ ಹೇಳಿದ: "ಹುಡುಗ ಮೆತ್ತಗೆ."

ಅಮೆರಿಕನ್ ಫುಟ್‌ಬಾಲಿನವರ ಬಾಯಲ್ಲಿ ಇದಕ್ಕಿಂತ ಹೊಲಸು ಬೈಗುಳ ಇನ್ನೊಂದಿಲ್ಲ. ಚೆಂಡು ಅಪ್ಪಿಕೊಂಡು ಓಡಿಬರುವವನನ್ನು ಗುದ್ದಿ ಕೆಡಹುವುದು ರೋಸ್ಕೊನ ಕೆಲಸ. ಅದನ್ನವನು ಬ್ರೇಕು ಕಡಿದ ಲಾರಿಯ ಹಾಗೆ ಮಾಡುತ್ತಿದ್ದ. ತೊಂದರೆ ಆಮೇಲಿನದು. ಬಿದ್ದವನನ್ನು ಕೈಕೊಟ್ಟು ಎಬ್ಬಿಸುವನು, ಬೆನ್ನಿನ ಮಣ್ಣು ಕೊಡವುವನು, "ಸಾರಿ ಕಣಣ್ಣ, ಜಾಸ್ತಿ ಪೆಟ್ಟಾಯ್ತಾ?" ಎಂದು ಕೇಳುವನು. ಒಮ್ಮೆ ಎದುರಾಳಿಯ ಬೂಟಿನ ಲೇಸನ್ನೂ ಕಟ್ಟಿಕೊಟ್ಟಿದ್ದ.

ಇವತ್ತು ಇನ್ನೊಬ್ಬ ಸ್ಕೌಟ್ ಬರುವವನಿದ್ದ, ಸ್ಟಕಿ ಎಂದು. ಮಿಸಿಸಿಪ್ಪಿಯ ಆ ಮೂಲೆಯ ಕಾಲೇಜಿಗೆ ಸ್ಕೌಟ್ ಬರುವುದೇ ಅಪರೂಪ. ಇವನೂ ಬರಿಗೈಯಲ್ಲಿ ಹೋದರೆ ರೋಸ್ಕೊ ಸೋಮವಾರದಿಂದ ಮೀನಿನ ಕಾರ್ಖಾನೆಗೆ ಹೋಗಬೇಕು. ಅಲ್ಲಿನ ಮಂಜುಗಡ್ಡೆಯಲ್ಲಿ ಮೀನು ಸೀಳಿ ಸೀಳಿ ಅವನಮ್ಮನ ಬೆರಳು ಈಗ ಅಂಗಿಯ ಗುಂಡಿ ಹಾಕುವುದಕ್ಕೂ ಮಡಚುತ್ತಿರಲಿಲ್ಲ.

"ಮೊದಲು ಊರಲ್ಲಿ ವಿಚಾರಿಸ್ತಾರೆ, ಆಮೇಲೆ ಮೈದಾನಕ್ಕೆ ಬರ್ತಾರೆ," ಕೋಚ್ ಬೆಳಿಗ್ಗೆಯೇ ಎಚ್ಚರಿಸಿದ್ದ. "ಇವತ್ತೊಂದಿನ ಕೆಟ್ಟವನಾಗಿರೋ ಮಾರಾಯ. ಯಾರಿಗಾದ್ರೂ ಸಾರಿ ಅಂದ್ಯೋ, ನಾಲಿಗೆ ಕಿತ್ಹಾಕ್ತೀನಿ."

"ಸಾರಿ, ಕೋಚ್," ಎಂದ ರೋಸ್ಕೊ.

ಕೆಟ್ಟತನವನ್ನು ಒಡೆಸ್ಸಾ ಅತ್ತೆಯ ಹೋಟೆಲಿನಿಂದ ಶುರುಮಾಡೋಣವೆಂದು ಹೋದರೆ, ಸ್ಟಕಿ ಆಗಲೇ ಅಲ್ಲಿ ಕಾಫಿ ಕುಡಿಯುತ್ತ ಕೂತಿದ್ದ. ಅತ್ತೆ ಸೊಂಟಕ್ಕೆ ಕೈಕೊಟ್ಟು ಹೊಗಳಿಕೆಯ ಹೊಳೆ ಹರಿಸುತ್ತಿದ್ದಳು.

"ರೋಸ್ಕೊನಾ? ಬೆಣ್ಣೆ ಸಾರ್, ಬೆಣ್ಣೆ! ಅಷ್ಟು ಮೆತ್ತಗಿನ ಹುಡುಗ ಈ ಜಿಲ್ಲೇಲೇ ಇಲ್ಲ. ಜೇಡ ಕಂಡ್ರೆ ಕಾಗದದ ಮೇಲೆ ಹತ್ತಿಸ್ಕೊಂಡು ಹೋಗಿ ಹೊರಗೆ ಬಿಟ್ಟು ಬರ್ತಾನೆ. ನೋಡಿ, ಬಂದ. ಬಾ ಕಂದಾ!"

ರೋಸ್ಕೊ ಕೂತ. ಅತ್ತೆ ಮುಂದಿಟ್ಟ ಮೆಕ್ಕೆಜೋಳದ ಗಂಜಿಯನ್ನು ಒಂದು ಚಮಚ ಬಾಯಿಗಿಟ್ಟ. ಎಂದಿನಂತೆ ಅಮೃತ. ಕಣ್ಣು ಮುಚ್ಚಿಕೊಂಡು, ತಟ್ಟೆ ತಳ್ಳಿ, "ಥೂ! ಇದೇನು ಗಂಜಿನೋ, ಗೋಡೆಗೆ ಬಳಿಯೋ ಸುಣ್ಣಾನೋ?" ಎಂದು ಅರಚಿದ.

ಒಡೆಸ್ಸಾ ಅತ್ತೆಯ ಮುಖ ಕಂದಿತು. ಅವಳು ಅವನ ಹಣೆ ಮುಟ್ಟಿ ನೋಡಿದಳು. "ಜ್ವರ ಇಲ್ವಲ್ಲ!" ಎಂದವಳು ಸ್ಟಕಿಯತ್ತ ತಿರುಗಿ ಗಾಬರಿಯಿಂದ ಹೇಳಿದಳು: "ಏನೂ ಅನ್ಕೋಬೇಡಿ ಸಾರ್. ಅವನು ಹೀಗೆಲ್ಲ ಮಾತಾಡೋನೇ ಅಲ್ಲ. ನಿಜವಾಗ್ಲೂ ಅಲ್ಲ."

ಸ್ಟಕಿ ಅವಳ ನಡುಗುವ ಕೈಯನ್ನೇ ನೋಡಿದ.

ಮುಂದಿನ ನಿಲುಗಡೆ ಲೂಷಿಯಸ್‌ನ ಕ್ಷೌರದಂಗಡಿ. ಸ್ಟಕಿ ಅಲ್ಲಿ ಕುರ್ಚಿಯ ಮೇಲೆ ಸಾಬೂನಿನ ನೊರೆ ಬಳಿಸಿಕೊಂಡು ಕೂತಿದ್ದ. ಲೂಷಿಯಸ್ ಕತ್ತಿ ಮಸೆಯುತ್ತ, "ಹೂವು ಸಾರ್ ನಮ್ಮ ಹುಡುಗ, ಹೂವು!" ಎನ್ನುತ್ತಿದ್ದುದು ಬೀದಿಗೇ ಕೇಳುತ್ತಿತ್ತು. ರೋಸ್ಕೊಗೆ ಬೇರೇನೂ ತೋಚಲಿಲ್ಲ. ಬಾಗಿಲಲ್ಲಿದ್ದ ಕಸದ ಡಬ್ಬಿಗೆ ಜಾಡಿಸಿ ಒದ್ದ. ಊರಿನ ಒಂದು ವಾರದ ಕೂದಲು ಗಾಳಿಯಲ್ಲಿ ಎದ್ದು ಸ್ಟಕಿಯ ನೊರೆಗೆ ಅಂಟಿಕೊಂಡಿತು. ಕನ್ನಡಿಯಲ್ಲಿ ಸ್ಟಕಿ ಈಗಷ್ಟೇ ಬಿಲದಿಂದ ಹೊರಬಿದ್ದ ಕರಡಿಯಂತೆ ಕಂಡ.

"ಕಾಲು ಎಡವಿದ್ದು ಸಾರ್!" ಲೂಷಿಯಸ್ ಬಡಬಡಿಸಿದ. "ಡಬ್ಬಿ ಅಲ್ಲಿಟ್ಟಿದ್ದು ನಂದೇ ತಪ್ಪು. ಹೋಗ್ಲಿ ಬಿಡು ರೋಸ್ಕೊ, ನಾನೇ ಗುಡಿಸ್ತೀನಿ."

ಗುಡಿಸಲು ರೋಸ್ಕೊನ ಕೈ ತುರಿಸುತ್ತಿತ್ತು. ಎರಡೂ ಕೈಯನ್ನು ಜೇಬಿಗೆ ತುರುಕಿಕೊಂಡು, ನೆಲಕ್ಕೆ ಉಗಿದು, ಕಣ್ಣಲ್ಲಿ ನೀರು ಬರುವ ಮೊದಲೇ ಅಲ್ಲಿಂದ ಕಾಲ್ಕಿತ್ತ.

ಊರಿಗೆ ಅಷ್ಟು ಸಾಕಾಯಿತು. ಮಧ್ಯಾಹ್ನದ ಹೊತ್ತಿಗೆ ಹುಡುಗನಿಗೆ ಏನೋ ಮೆಟ್ಟಿಕೊಂಡಿದೆ ಎಂದು ಒಡೆಸ್ಸಾ ಅತ್ತೆ ಪಾದ್ರಿಯನ್ನು ಹೊರಡಿಸಿದ್ದಳು. ಮೈದಾನದ ಗೇಟಿನಲ್ಲಿ ಪಾದ್ರಿ ಪ್ರಾರ್ಥಿಸಿ ಹಣೆಗೆ ಹಚ್ಚುವ ಎಣ್ಣೆಯ ಶೀಶೆ ಹಿಡಿದು ಅಡ್ಡ ನಿಂತರು.

"ತಲೆ ಬಗ್ಗಿಸು ಮಗಾ, ಎರಡು ನಿಮಿಷ."

"ದಾರಿ ಬಿಡಯ್ಯಾ!" ಎಂದು ಗುಡುಗಿದ ರೋಸ್ಕೊ. ಪಾದ್ರಿಯ ಕೈಯಿಂದ ಶೀಶೆ ಜಾರಿ ಎಣ್ಣೆಯೆಲ್ಲ ಅವರ ಬೂಟಿನ ಮೇಲೆ ಚೆಲ್ಲಿತು. ಆಚೆಯ ಬೆಂಚಿನಿಂದ ಸ್ಟಕಿ ಇದನ್ನೂ ನೋಡಿದ.

ಅಭ್ಯಾಸ ಶುರುವಾಯಿತು. ಚೆಂಡು ಹಿಡಿದು ಓಡಿಬಂದವನು ಡ್ಯೂಯಿ, ಒಂದನೇ ಕ್ಲಾಸಿನಿಂದಲೂ ರೋಸ್ಕೊನ ಜೊತೆಗಾರ. ರೋಸ್ಕೊ ನುಗ್ಗಿದ. ಡ್ಯೂಯಿ ಅಂಗಾತ ಬಿದ್ದ ಸದ್ದಿಗೆ ಕಂಬದ ಮೇಲಿನ ಕಾಗೆಗಳು ಹಾರಿದವು. ರೋಸ್ಕೊ ಕೈ ಚಾಚಲಿಲ್ಲ. ಎದೆ ಗುದ್ದಿಕೊಂಡು ಗೂಳಿಯಂತೆ ಗುಟುರು ಹಾಕಿ, ಬಿದ್ದವನನ್ನು ದಾಟಿಕೊಂಡೇ ಹೋದ.

ಡ್ಯೂಯಿ ನೆಲದಿಂದಲೇ ಕೂಗಿದ: "ಲೋ, ಏನಾಯ್ತೋ ನಿಂಗೆ? ಹುಷಾರಾಗಿದ್ದೀಯ ತಾನೇ?"

ಸ್ಟಕಿ ಎದ್ದು ಬಂದು ಕೋಚ್‌ನನ್ನು ಪಕ್ಕಕ್ಕೆ ಕರೆದ. ರೋಸ್ಕೊ ಎರಡೇ ಹೆಜ್ಜೆ ಹಿಂದಿದ್ದ.

"ಆಟ ಅದ್ಭುತ, ಕೋಚ್. ಆದ್ರೆ ನಮ್ಮ ತಂಡದಲ್ಲಿ ಆಗಲೇ ಅರ್ಧ ಜನ ಹೊಡೆದಾಟದ ಕೇಸಲ್ಲಿ ಕೋರ್ಟಿಗೆ ಅಲೀತಿದ್ದಾರೆ. ಒಬ್ಬ ಮೆತ್ತಗಿನ ಹುಡುಗನ್ನ ಹುಡುಕಿ ಕರ್ಕೊಂಡು ಬಾ ಅಂತ್ಲೇ ನಮ್ಮ ಮಾಲೀಕರು ನನ್ನ ಕಳಿಸಿದ್ದು."

ಕೋಚ್‌ನ ಬಾಯಲ್ಲಿದ್ದ ಸೀಟಿ ಕೆಳಗೆ ಬಿತ್ತು. "ಇವನೇ ಸಾರ್ ಅವನು! ಇವನಷ್ಟು ಮೆತ್ತಗೆ..."

"ನೀವೂನಾ?" ಸ್ಟಕಿ ಮರುಕದಿಂದ ಕೋಚ್‌ನ ಭುಜ ಮುಟ್ಟಿದ. "ಊರೆಲ್ಲ ಇದೇ ಪಾಠ ಒಪ್ಪಿಸ್ತು. ಆ ಹೆಂಗಸಿನ ಕೈ ಹೇಗೆ ನಡುಗ್ತಿತ್ತು! ಒದ್ದೋನು ಅವನು, ತಪ್ಪು ನಂದು ಅಂದೋನು ಕ್ಷೌರದವನು. ಪಾದ್ರೀನೂ ಬಿಡ್ಲಿಲ್ಲ. ಒಬ್ಬ ಹುಡುಗ ಇಡೀ ಊರನ್ನ ಹೀಗೆ ಹೆದರಿಸಿಟ್ಟಿರೋದನ್ನ ನಾನು ಎಲ್ಲೂ ನೋಡಿಲ್ಲ."

ಅಷ್ಟರಲ್ಲಿ ಕುಂಟುತ್ತ ಬಂದ ಡ್ಯೂಯಿ ನಡುವೆ ಬಾಯಿ ಹಾಕಿದ. "ಸಾರ್, ಅವನು ನನಗಿಂತ ಒಳ್ಳೇನು. ದೇವರಾಣೆ."

ಸ್ಟಕಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಪೆಟ್ಟು ತಿಂದೂ ಹೊಡೆದವನ ಪರ ಮಾತಾಡ್ತೀಯ. ಹೆಸರೇನಪ್ಪ ನಿಂದು? ನಾಳೆ ನಮ್ಮ ಶಿಬಿರ ಶುರು. ಬಟ್ಟೆ ತಗೊಂಡು ಬಾ, ನನ್ನ ಕಾರಲ್ಲೇ ಹೋಗೋಣ."

ಕೋಚ್ ಬೆಂಚಿನ ಮೇಲೆ ಕುಸಿದ. ಡ್ಯೂಯಿ ರೋಸ್ಕೊನ ಎದುರು ಬಂದು ನಿಂತ.

"ನಾನು ಹೋಗಲ್ಲ ಕಣೋ. ಅದು ನಿನ್ನ ಜಾಗ."

ಡ್ಯೂಯಿಯ ತಾಯಿಯೂ ಅದೇ ಕಾರ್ಖಾನೆಯಲ್ಲಿ, ಅದೇ ಮಂಜುಗಡ್ಡೆಯ ಮುಂದೆ ನಿಲ್ಲುವವಳು. ರೋಸ್ಕೊಗೆ ಅವನನ್ನು ಅಪ್ಪಿಕೊಳ್ಳಬೇಕೆನಿಸಿತು. ಅಪ್ಪಿಕೊಂಡರೆ ಇವನು ಕಾರು ಹತ್ತುವುದಿಲ್ಲ ಎಂದೂ ಗೊತ್ತಿತ್ತು. ಮುಷ್ಟಿ ಬಿಗಿದು, ಹಲ್ಲು ಕಚ್ಚಿ, "ಹೋಗ್ತೀಯೋ ಇಲ್ವೋ? ಹೋಗದಿದ್ರೆ ಈಗಲೇ ಮೂಳೆ ಮುರೀತೀನಿ," ಎಂದ.

ಡ್ಯೂಯಿ ಅವನ ಮುಖ ನೋಡಿದ. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ತಿರುಗಿ, ಕುಂಟುಗಾಲಲ್ಲೇ ಕಾರಿನತ್ತ ಓಡಿದ. ರೋಸ್ಕೊನ ಬೆದರಿಕೆಯನ್ನು ಅವನ ಊರಿನವನೊಬ್ಬ ನಂಬಿದ್ದು ಅದೇ ಮೊದಲು.