ಕಾಮ್ರೇಡ್ ಕಾಕಾನ ಅರಿಶಿನ-ಕುಂಕುಮ

ಮಹಿಳೆಯರ ಸಮಸ್ಯೆಗಳ ಬಗ್ಗೆ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂಬ ಆತ್ಮವಿಶ್ವಾಸದಿಂದಲೇ ನಾನು ಈ ಸಲದ ಪಾಲಿಕೆ ಚುನಾವಣೆಗೆ ನಿಂತದ್ದು. ಪ್ರತಿವರ್ಷ ಮಹಿಳಾ ದಿನದಂದು ನಮ್ಮ ಪಕ್ಷದ ಸಭೆಯಲ್ಲಿ ಮಹಿಳೆಯರ ಪರವಾಗಿ ಭಾಷಣ ಮಾಡುವವನು ನಾನೇ. ಆ ವಿಷಯದಲ್ಲಿ ನನ್ನಷ್ಟು ಓದಿಕೊಂಡ ಮಹಿಳೆ ನಮ್ಮ ಶಾಖೆಯಲ್ಲಿ ಒಬ್ಬಳೂ ಇರಲಿಲ್ಲ. ಹಾಗೆ ನೋಡಿದರೆ ನಮ್ಮ ಶಾಖೆಯಲ್ಲಿ ಮಹಿಳೆಯೇ ಇರಲಿಲ್ಲ. ಅದು ಬೇರೆ ಮಾತು.

ನಾನು ಧಾರವಾಡದವನು. ಪುಣೆಗೆ ಬಂದು ವಿಮಾ ಕಚೇರಿಯಲ್ಲಿ ನೌಕರಿ ಮಾಡಿ, ಯೂನಿಯನ್ನಿನಲ್ಲಿ ಗಂಟಲು ಹರಿಯುವಷ್ಟು ಘೋಷಣೆ ಕೂಗಿ ನಿವೃತ್ತನಾದವನು. ಕೋಥರೂಡ ಎಂಬ ಮಡಿವಂತರ ಬಡಾವಣೆಯ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಶ್ರೀಪಾದ ಎಂಬ ನನ್ನ ಹೆಸರನ್ನು ಎಲ್ಲರೂ ಮರೆತು 'ಕಾಮ್ರೇಡ್ ಕಾಕಾ' ಎಂದೇ ಕರೆಯುತ್ತಾರೆ. ಕೋಥರೂಡದಲ್ಲಿ ಕೆಂಪು ಬಾವುಟ ಹಿಡಿದು ಮತ ಕೇಳುವುದೆಂದರೆ ಏಕಾದಶಿಯ ದಿನ ಈರುಳ್ಳಿ ಭಜಿಯ ಗಾಡಿ ಹಚ್ಚಿದಂತೆ. ಗೆಲ್ಲುತ್ತೇನೆಂಬ ಭ್ರಮೆ ನನಗೂ ಇರಲಿಲ್ಲ. ಆದರೆ ನಮ್ಮ ಸೊಸೈಟಿಯ ಹೆಂಗಸರ ಮತಗಳಾದರೂ ನನಗೆ ಬೀಳಬೇಕಿತ್ತು. ಇಷ್ಟು ವರ್ಷ ಅವರಿಗಾಗಿ ಗಂಟಲು ಹರಿದುಕೊಂಡವನಿಗೆ ಅವರೇ ಮತ ಹಾಕದಿದ್ದರೆ ನಾಳೆ ಲಿಫ್ಟಿನಲ್ಲಿ ಯಾವ ಮುಖ ಹೊತ್ತು ನಿಲ್ಲುವುದು? ನನಗಿದ್ದ ಚಿಂತೆ ಅದೊಂದೇ.

ಪ್ರಚಾರದ ಮೊದಲ ದಿನ ಎರಡನೇ ಮಹಡಿಯ ಪಾಟೀಲ ವೈನಿಯ ಬಾಗಿಲು ಬಡಿದೆ. ಎಲ್ಲರಿಗೂ ವೈನಿ, ಅಂದರೆ ಅತ್ತಿಗೆಯಾದ ಅವರು ನಮ್ಮ ಸೊಸೈಟಿಯ ಮಹಿಳಾ ಮಂಡಳದ ಮುಖ್ಯಸ್ಥೆ. ಬೆಳಗಾವಿ ಕಡೆಯವರು, ಮಡಿ-ಹಬ್ಬ ಎಲ್ಲದರಲ್ಲೂ ಕಟ್ಟುನಿಟ್ಟು. ನಾನು ಪಕ್ಷದ ಪ್ರಣಾಳಿಕೆಯನ್ನು ಕೈಗಿಟ್ಟೆ. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದೆಲ್ಲಾ ಖರೆ ಕಾಕಾ. ನಿಮ್ಮ ಅರಿಶಿನ-ಕುಂಕುಮ ಯಾವಾಗ್ರಿ?" ಎಂದು ಕೇಳಿದರು.

ಸಂಕ್ರಾಂತಿ ಇನ್ನೂ ಬಂದಿರಲಿಲ್ಲ. ಆದರೆ ಚುನಾವಣೆಯ ವರ್ಷ ಪುಣೆಯಲ್ಲಿ ಅರಿಶಿನ-ಕುಂಕುಮ ಸಂಕ್ರಾಂತಿಯ ದಾರಿ ಕಾಯುವುದಿಲ್ಲ. ಪ್ರತಿಯೊಬ್ಬ ಅಭ್ಯರ್ಥಿಯೂ ಮಂಟಪ ಹಾಕಿ, ಹೆಂಗಸರನ್ನು ಕರೆದು, ಕುಂಕುಮ ಹಚ್ಚಿಸಿ, ಕೈಗೊಂದು ವಾಣ ಕೊಟ್ಟು ಕಳಿಸುತ್ತಾನೆ. ವಾಣ ಎಂದರೆ ಕುಂಕುಮದ ಜೊತೆ ಕೊಡುವ ಪುಟ್ಟ ಉಡುಗೊರೆ. ಒಬ್ಬನು ಸ್ಟೀಲ್ ಡಬ್ಬಿ ಕೊಟ್ಟಿದ್ದ, ಇನ್ನೊಬ್ಬನು ಸಾಣಿಗೆ ಕೊಟ್ಟಿದ್ದ. ಬಾಕಿ ಉಳಿದವನು ನಾನೊಬ್ಬನೇ.

ನಮ್ಮ ಪಕ್ಷದ ಸೆಕ್ರೆಟರಿಗೆ ಕುಂಕುಮ ಎಂದರೆ ಆಗುವುದಿಲ್ಲ. ಹಾಗಾಗಿ ಅವರಿಗೆ 'ಮಹಿಳಾ ಸಂವಾದ' ಇಟ್ಟುಕೊಂಡಿದ್ದೇನೆ ಎಂದೆ. ಸೊಸೈಟಿಯ ಹೆಂಗಸರಿಗೆ ಅರಿಶಿನ-ಕುಂಕುಮ ಎಂದೆ. ಎರಡೂ ಒಂದೇ ಹಾಲ್, ಒಂದೇ ಹೊತ್ತು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡು, ಮನೆಗೆ ಬಂದು ಹೆಂಡತಿ ವತ್ಸಲಾಗೆ ಹೇಳಿದೆ. ಅವಳು ಮೆಂತ್ಯದ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದಳು.

"ಅಲ್ರಿ, ಒಂದು ವರ್ಷನೂ ನಮ್ಮನಿ ಗೌರಿ ಮುಂದ ಕೈ ಮುಗದವರಲ್ಲ ನೀವು. ಅರಿಶಿನ-ಕುಂಕುಮ ಮಾಡ್ತೀರಿ?"

"ಇದು ರಾಜಕೀಯ ತಂತ್ರ ವತ್ಸಲಾ."

"ಏನರೆ ಇರ್ಲಿ. ಅದರಾಗ ರೀತಿ-ರಿವಾಜು ಭಾಳ ಇರ್ತಾವ. ನಿಮಗ ಒಂದೂ ಗೊತ್ತಿಲ್ಲ. ಮಾಡೂದಿದ್ರ ನನಗ ಬಿಡ್ರಿ."

"ನೀ ಎಳ್ಳು-ಬೆಲ್ಲ ನೋಡ್ಕೊ ಸಾಕು. ಹೆಣ್ಣುಮಕ್ಕಳ ವಿಷಯ ನನಗ ಬಿಡು" ಎಂದೆ. ಈ ಮಾತನ್ನು ನಾನು ಆಗ ಬಹಳ ಗಂಭೀರವಾಗಿಯೇ ಹೇಳಿದ್ದೆ.

ಆಮಂತ್ರಣವನ್ನೂ ನಾನೇ ಕಳಿಸಿದೆ. ಹೋದ ವರ್ಷ ಪಾಟೀಲ ವೈನಿ ಸೊಸೈಟಿಯ ವಾಟ್ಸಾಪ್ ಗುಂಪಿಗೆ ಹಾಕಿದ್ದ ಆಮಂತ್ರಣ ಸಿಕ್ಕಿತು. ಅದರಲ್ಲಿ ಅವರ ಹೆಸರು ತೆಗೆದು ನನ್ನ ಹೆಸರು ಹಾಕಿ, ಕಮಲದ ಹೂವಿನ ಚಿತ್ರವಿದ್ದ ಕಡೆ ನನ್ನ ಫೋಟೋ ಅಂಟಿಸಿ ಬಿಟ್ಟುಬಿಟ್ಟೆ. ವಾಣದ ಸಮಸ್ಯೆಯನ್ನೂ ಸೈದ್ಧಾಂತಿಕವಾಗಿ ಬಗೆಹರಿಸಿದೆ. ಸಾಣಿಗೆ, ಡಬ್ಬಿ ಕೊಡುವುದೆಂದರೆ ಮಹಿಳೆಯನ್ನು ಮತ್ತೆ ಅಡಿಗೆಮನೆಗೆ ತಳ್ಳಿದಂತೆ. ಆದ್ದರಿಂದ ಸ್ತ್ರೀ ವಿಮೋಚನೆಯ ಕುರಿತು ನಾನೇ ಬರೆದ ಕಿರುಹೊತ್ತಗೆಯನ್ನು ಕೆಂಪು ರಟ್ಟು ಹಾಕಿಸಿ ವಾಣವೆಂದು ಕೊಡುವುದು. ಓದಿ ಅವರು ಕಣ್ಣೀರು ಹಾಕುತ್ತಾರೆಂದೇ ನಾನು ನಂಬಿದ್ದೆ.

ಶನಿವಾರ ಸಂಜೆ ಹಾಲ್ ತುಂಬಿತು. ಹೊರಗೆ 'ಮಹಿಳಾ ಸಂವಾದ' ಎಂಬ ಬ್ಯಾನರು, ಒಳಗೆ ಮೇಜಿನ ಮೇಲೆ ಅರಿಶಿನ-ಕುಂಕುಮದ ಬಟ್ಟಲು. ಹೆಂಗಸರೆಲ್ಲ ರೇಷ್ಮೆ ಸೀರೆ ಉಟ್ಟು ಬಂದಿದ್ದರು. ಬರುವಾಗ ಒಬ್ಬೊಬ್ಬರೂ ಒಂದು ಚೀಲ ಹಸಿ ಬಟಾಣಿ ತಂದಿದ್ದರು.

"ಇದ್ಯಾಕ್ರಿ ವೈನಿ?" ಎಂದೆ.

"ಅಗ್ಗ ಆಗ್ಯಾವಲ್ರಿ, ಸುಲದು ಫ್ರಿಜ್ಜಿನಾಗ ಇಡಬೇಕು. ನೀವು ಮಾತಾಡ್ರಿ. ಭಾಷಣ ಕೇಳಲಿಕ್ಕೆ ಕೈ ಏನ್ ಬೇಕಾಗೂದಿಲ್ಲಲ್ಲಾ" ಎಂದರು ಪಾಟೀಲ ವೈನಿ.

ನಾನು ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಭಾಷಣ ಶುರು ಮಾಡಿದೆ. ಆದಿಮಾನವನಿಂದ ಹಿಡಿದು ಬಂದೆ. ನಾನು ಊಳಿಗಮಾನ್ಯ ಪದ್ಧತಿ ಮುಟ್ಟುವ ಹೊತ್ತಿಗೆ ಅವರ ಒಂದು ಪಾತೇಲಿ ಬಟಾಣಿ ಮುಗಿದಿತ್ತು. ಆಮೇಲೆ ವಾಣ ಹಂಚಿದೆ. ಎಲ್ಲರೂ ಹೊತ್ತಗೆಯನ್ನು ತೆರೆದು, ತಲೆಕೆಳಗೆ ಹಿಡಿದು ಝಾಡಿಸಿದರು. ಒಳಗಿಂದ ಏನಾದರೂ ಬೀಳಬಹುದು ಎಂದುಕೊಂಡರೋ ಏನೋ. ಏನೂ ಬೀಳಲಿಲ್ಲ.

"ಇನ್ನ ಪ್ರಶ್ನೆ ಇದ್ರ ಕೇಳ್ರಿ" ಎಂದೆ ಉದಾರವಾಗಿ.

ಮೊದಲು ಎದ್ದವರು ಪಾಟೀಲ ವೈನಿ. "ಕಾಕಾ, ನಿಮ್ಮ ಪಕ್ಷದವರು ದೇವರು-ದಿಂಡರು ನಂಬೂದಿಲ್ಲ ಅಂತಾರ. ಕುಂಕುಮದ ಬಗ್ಗೆ ನಿಮ್ಮ ನಿಲುವೇನ್ರಿ? ನೀವು ಅದರ ವಿರುದ್ಧನೋ ಏನ್?"

"ಛೇ ಛೇ, ವಿರುದ್ಧ ಹೆಂಗ ಇರ್ತೀನ್ರಿ? ಕುಂಕುಮ ಜನರ ಸಂಸ್ಕೃತಿ. ನಮ್ಮ ಬಾವುಟದ್ದೂ ಅದೇ ಬಣ್ಣ" ಎಂದೆ. ಚಪ್ಪಾಳೆ ಬಿತ್ತು. ಅರ್ಧ ಸೊಸೈಟಿ ನನ್ನ ಜೇಬಿಗೆ ಬಂತು ಎಂದುಕೊಂಡೆ.

ಅಷ್ಟರಲ್ಲಿ ವೈನಿಯ ಪಕ್ಕದಿಂದಲೇ ಅವರ ಮಗಳು ಸಾಯಲಿ ಎದ್ದಳು. ಕಾನೂನು ಓದುತ್ತಾಳೆ. ಕೈಯಲ್ಲಿ ಮೊಬೈಲು ಇತ್ತು.

"ಕಾಕಾ, ನೀವು ಕಳಿಸಿದ ಆಮಂತ್ರಣದಾಗ 'ಎಲ್ಲ ಸುವಾಸಿನಿಯರಿಗೆ' ಅಂತ ಅದ. ಅಂದ್ರ ಗಂಡ ಇದ್ದವರು ಅಷ್ಟ. ಗಂಡ ಸತ್ತವರು ಬರಬಾರ್ದು ಅಂತನೋ? ಇದು ನಿಮ್ಮ ಪಕ್ಷದ ನಿಲುವೋ, ನಿಮ್ಮ ಸ್ವಂತದ್ದೋ?"

ಕಳಿಸುವಾಗ ನಾನು ಓದಿದ್ದು ನನ್ನ ಹೆಸರನ್ನು ಮಾತ್ರ. "ಇಲ್ಲಮ್ಮಾ, ಅಂಥಾ ಪದ್ಧತಿಯ ಕಡು ವಿರೋಧಿ ನಾ" ಎಂದೆ.

"ಅಂದ್ರ ನಾವು ಮಾಡಿಕೊಂಡು ಬಂದದ್ದು ತಪ್ಪು?" ಪಾಟೀಲ ವೈನಿ ಮತ್ತೆ ಎದ್ದರು.

"ತಪ್ಪು ಅಂತ ಎಲ್ಲಿ ಅಂದೆ ವೈನಿ?"

"ಅಂದ್ರ ಸರಿ?" ಸಾಯಲಿ.

"ಸರಿ ಅಂತನೂ ಅಲ್ಲ."

"ಮತ್ತೇನು?" ತಾಯಿ-ಮಗಳು ಒಟ್ಟಿಗೇ ಕೇಳಿದರು. ಅವರಿಬ್ಬರೂ ಒಂದೇ ಮಾತನ್ನು ಆಡಿದ್ದನ್ನು ಆ ಸೊಸೈಟಿ ಅಂದೇ ಮೊದಲು ಕೇಳಿದ್ದು.

"ಅದು... ಐತಿಹಾಸಿಕ" ಎಂದೆ.

ಬಟಾಣಿ ಸುಲಿಯುತ್ತಿದ್ದ ಕೈಗಳೆಲ್ಲ ನಿಂತವು. ಸಾಯಲಿ ಬಿಡಲಿಲ್ಲ. "ಮೂರನೇ ಮಹಡಿಯಾಗ ದೇಸಾಯಿ ಕಾಕು ಇದ್ದಾರ. ಅವರನ್ನ ಈಗ ಕರೀರಿ ನೋಡೋಣ" ಎಂದಳು.

ದೇಸಾಯಿ ಕಾಕು, ಅಂದರೆ ದೇಸಾಯಿ ಚಿಕ್ಕಮ್ಮ, ನಮಗೆಲ್ಲ ಹಿರಿಯರು. ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದಾರೆ. ಕರೆಯಲು ವತ್ಸಲಾ ಹೊರಟಳು. ನಾನು ಅವಳನ್ನು ತಡೆದು, ಅಭ್ಯರ್ಥಿಯ ಘನತೆಯಿಂದ ನಾನೇ ಮೆಟ್ಟಿಲು ಹತ್ತಿ ಹೋದೆ.

"ಕುಂಕುಮಕ್ಕ? ನನ್ನನ್ನ?" ಎಂದು ಕಾಕು ಬಾಗಿಲಲ್ಲೇ ನಿಂತು ಎರಡು ಸಲ ಕೇಳಿದರು. ಆಮೇಲೆ "ತಡಿ ಶ್ರೀಪಾದಾ" ಎಂದು ಒಳಗೆ ಹೋಗಿ, ಬಹಳ ಹೊತ್ತಿನ ಮೇಲೆ ಜರತಾರಿ ಸೀರೆ ಉಟ್ಟುಕೊಂಡು ಬಂದರು. ಮಡಿಕೆಯ ಗುರುತು ಸೀರೆಯ ಮೇಲೆ ಹಾಗೇ ಇತ್ತು. ಅದನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಯಿತು. ಸಂಕಟದ ಜೊತೆಗೆ ಉತ್ಸಾಹವೂ ಬಂತು. ನನ್ನ ಮಟ್ಟಿಗೆ ಅದು ಯಾವಾಗಲೂ ಅಪಾಯದ ಲಕ್ಷಣ.

ಹಾಲಿಗೆ ಬಂದವನೇ ಮೈಕ್ ಹಿಡಿದೆ. "ಬರೇ ಮಾತಾಡಿದ್ರ ಆಗೂದಿಲ್ಲ. ಶತಮಾನಗಳ ಅನ್ಯಾಯವನ್ನ ಈಗ, ಇಲ್ಲೇ, ನನ್ನ ಕೈಯಾರೆ ಅಳಸತೀನಿ!" ಎಂದು ಘೋಷಿಸಿದೆ. ಎಡಗೈಯಲ್ಲಿ ಕುಂಕುಮದ ಬಟ್ಟಲು ಎತ್ತಿಕೊಂಡೆ. ಬಲಗೈಯ ಉಂಗುರ ಬೆರಳನ್ನು ಅದರಲ್ಲಿ ಅದ್ದಿದೆ. ಬೆರಳು ಮುಂದೆ ಮಾಡಿಕೊಂಡು ದೇಸಾಯಿ ಕಾಕುವಿನ ಕಡೆ ನಡೆದೆ.

"ರೀ, ನಿಂದರ್ರಿ ಅಲ್ಲೇ!" ಎಳ್ಳು-ಬೆಲ್ಲದ ಮೇಜಿನಿಂದ ವತ್ಸಲಾ ಕೂಗಿದಳು. ಕ್ರಾಂತಿಯನ್ನು ಹೆಂಡತಿ ತಡೆಯಲಾರಳು. ನಾನು ನಡೆಯುತ್ತಲೇ ಇದ್ದೆ.

ಕಾಕು ಕೈ ಅಡ್ಡ ಹಿಡಿದರು. "ಏನ್ ಮಾಡ್ಲಿಕತ್ತೀಯೋ ಶ್ರೀಪಾದಾ?"

"ನಿಮಗ ಕುಂಕುಮ ಹಚ್ಚತೀನಿ ಕಾಕು."

"ಗಂಡಸು ಹೆಣ್ಣುಮಗಳ ಹಣೆಗೆ ಕುಂಕುಮ ಹಚ್ಚಿದ್ರ ಅದಕ್ಕ ಏನಂತಾರ, ಗೊತ್ತದ ಏನು?"

"ಸಮಾನತೆ ಅಂತಾರ."

"ಲಗ್ನ ಅಂತಾರ" ಎಂದರು ಕಾಕು. "ನನಗ ಒಂದು ಆಗಿ ಮುಗದದ. ಒಬ್ಬರನ್ನ ಸಂಭಾಳಿಸಿ ಸಾಕಾಗೇದ. ನಿನಗೂ ಒಂದು ಆಗೇದ. ನೋಡು, ಆಕಿ ಅಲ್ಲೇ ನಿಂತಾಳ."

ಹಾಲ್ ನಕ್ಕಿತು. ಬಿದ್ದು ಬಿದ್ದು ನಕ್ಕಿತು. ನಾನು ಗಾಬರಿಯಿಂದ ಹಿಂದೆ ಸರಿದೆ. ಹಿಂದೆ ಪಾಟೀಲ ವೈನಿಯ ಬಟಾಣಿಯ ಪಾತೇಲಿ ಇತ್ತು. ಪಾತೇಲಿ ಉರುಳಿತು, ಬಟಾಣಿ ಹರಡಿತು, ಅದರ ಮೇಲೆ ನನ್ನ ಕಾಲು ಬಿತ್ತು. ನಾನು ಕೆಳಗೆ ಹೋದೆ, ಕುಂಕುಮದ ಬಟ್ಟಲು ಮೇಲೆ ಹೋಯಿತು. ಫ್ಯಾನ್ ತಿರುಗುತ್ತಿತ್ತು.

ಮೇಜು, ಕುರ್ಚಿ, ಎಳ್ಳು-ಬೆಲ್ಲ, ಪಾಟೀಲ ವೈನಿಯ ಕೆನೆ ಬಣ್ಣದ ಸೀರೆ, ಎಲ್ಲವೂ ಕೆಂಪಾದವು. ಜೀವನವಿಡೀ ಹೋರಾಡಿ ಕೋಥರೂಡವನ್ನು ಕೆಂಪು ಮಾಡಲಾಗದಿದ್ದವನು ಒಂದೇ ಏಟಿಗೆ ಮಾಡಿದ್ದೆ.

ನಾನು ನೆಲದ ಮೇಲೆ ಸೊಂಟ ಹಿಡಿದುಕೊಂಡು ಕೂತಿದ್ದಾಗ ವತ್ಸಲಾ ಬಂದಳು. ನನ್ನನ್ನು ಎಬ್ಬಿಸಲು ಬಂದಳೆಂದು ಕೈ ಚಾಚಿದೆ. ಅವಳು ನನ್ನನ್ನು ದಾಟಿಕೊಂಡು ಹೋಗಿ, ಬಿದ್ದಿದ್ದ ಬಟ್ಟಲು ಎತ್ತಿಕೊಂಡಳು. ಅದರ ತಳದಲ್ಲಿ ಉಳಿದಿದ್ದ ಕುಂಕುಮವನ್ನು ಬೆರಳಿಗೆ ತೆಗೆದುಕೊಂಡು, "ಹಚ್ಚಲ್ರಿ ಕಾಕು?" ಎಂದು ಕೇಳಿದಳು. ಕಾಕು ಹಣೆ ಮುಂದೆ ಮಾಡಿದರು. ಅವರ ಕಣ್ಣು ತುಂಬಿತ್ತು. ಪಾಟೀಲ ವೈನಿ ಸೀರೆ ಝಾಡಿಸಿಕೊಂಡು, ತಾವೇ ಎಳ್ಳು-ಬೆಲ್ಲದ ತಟ್ಟೆ ತಂದು ಕಾಕುವಿನ ಮುಂದೆ ಹಿಡಿದರು.

ಕಾಕು ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು. "ಶ್ರೀಪಾದಾ, ನನ್ನದೂ ಒಂದು ಪ್ರಶ್ನೆ ಅದ. ಹೆಣ್ಣುಮಕ್ಕಳ ವಿಷಯ ಮಾತಾಡ್ಲಿಕ್ಕೆ ನಿಮ್ಮ ಪಕ್ಷಕ್ಕ ಒಬ್ಬ ಹೆಣ್ಣುಮಗಳು ಸಿಗಲಿಲ್ಲೇನು?"

ನಾನು ಸೊಂಟ ನೋವು ಹೆಚ್ಚಾದವನಂತೆ ನರಳಿದೆ.

ಸಾಯಲಿಯ ಮೊಬೈಲಿನ ವಿಡಿಯೋ ರಾತ್ರಿ ಊಟದ ಹೊತ್ತಿಗೆ ಊರೆಲ್ಲ ಸುತ್ತಿತು. 'ಕಾಮ್ರೇಡ್ ಕಾಕಾನ ಎರಡನೇ ಲಗ್ನ' ಎಂದು ಯಾರೋ ಹೆಸರು ಕೊಟ್ಟಿದ್ದರು. ಮಾರ್ಕೆಟ್ ಯಾರ್ಡಿನ ಹಮಾಲರ ಯೂನಿಯನ್ನಿನ ಗೆಳೆಯರು ಫೋನ್ ಮಾಡಿ ಪೇಢೆ ಎಲ್ಲಿ ಎಂದು ಕೇಳಿದರು. ಸೆಕ್ರೆಟರಿ ಮಾತ್ರ ನಗಲಿಲ್ಲ. ಧಾರ್ಮಿಕ ಆಚರಣೆ ನಡೆಸಿದ್ದು ತಪ್ಪು ಎಂದು ಒಮ್ಮೆ ಬೈದರು, ಅದನ್ನೂ ನೆಟ್ಟಗೆ ನಡೆಸಲಿಲ್ಲ ಎಂದು ಇನ್ನೊಮ್ಮೆ ಬೈದರು.

ಫಲಿತಾಂಶ ಬಂತು. ಸೋಲು ನಿರೀಕ್ಷಿಸಿದ್ದೇ. ಆದರೆ ನಮ್ಮ ಸೊಸೈಟಿಯ ಮತಗಟ್ಟೆಯಲ್ಲಿ ನನಗೆ ಬಿದ್ದ ಮತ ಎರಡು. ಒಂದು ನನ್ನದು. ವತ್ಸಲಾಗೆ ಕೈ ಮುಗಿದೆ. "ಇಡೀ ಸೊಸೈಟಿ ಕೈ ಬಿಟ್ಟರೂ ನೀ ಬಿಡಲಿಲ್ಲ ನೋಡು."

"ಅದು ನಂದಲ್ರಿ" ಎಂದಳು, ಹಿಟ್ಟು ನಾದುತ್ತಲೇ.

"ಮತ್ತ ನೀ ಯಾರಿಗೆ ಹಾಕಿದಿ?"

"ಮತದಾನ ಗುಪ್ತ ಇರಬೇಕು ಅಂತ ನೀವೇ ಭಾಷಣ ಮಾಡ್ತೀರಲ್ಲಾ."

ಇನ್ನುಳಿದ ಒಂದು ಅಂದಾಜು ಹಿಡಿದು ಮೂರನೇ ಮಹಡಿ ಹತ್ತಿದೆ. ದೇಸಾಯಿ ಕಾಕು ಬಾಗಿಲು ತೆಗೆದರು. ಹಣೆಯ ಮೇಲೆ ಸಣ್ಣದೊಂದು ಕುಂಕುಮ ಇತ್ತು.

"ಹೌದೋ, ನಾನೇ ಹಾಕೀನಿ" ಎಂದರು. "ನಮ್ಮವರು ಹೋದಮ್ಯಾಲ ಈ ಬಿಲ್ಡಿಂಗಿನಾಗ ಕುಂಕುಮ ಹಿಡಕೊಂಡು ನನ್ನ ಕಡೆ ಬಂದಾಂವ ನೀ ಒಬ್ಬನ. ಹುಚ್ಚನಂಗ ಬಂದಿ. ಆದ್ರ ಬಂದಿ."

ಬಗ್ಗಿ ಅವರ ಕಾಲು ಮುಟ್ಟಿದೆ.

"ಮುಂದಿನ ಸಲ ಮಾತ್ರ ಹಾಕೂದಿಲ್ಲ" ಎಂದರು.

"ಯಾಕ ಕಾಕು?"

"ಮುಂದಿನ ಸಲ ವತ್ಸಲಾನ್ನ ನಿಲ್ಲಸು. ಎಲ್ಲಾ ಹೆಂಗಸರೂ ಹಾಕ್ತಾರ. ನಿನ್ನ ಹೆಂಡತಿ ವೋಟು ಸುದ್ದಾ ನಿಮ್ಮ ಪಕ್ಷಕ್ಕ ಬೀಳತದ."

ಮರುವಾರದ ಶಾಖಾ ಸಭೆಯಲ್ಲಿ ನಾನು ಎದ್ದು ನಿಂತು, ಇನ್ನು ಮುಂದೆ ಈ ವಾರ್ಡಿನಲ್ಲಿ ನನ್ನ ಬದಲು ಒಬ್ಬ ಮಹಿಳೆ ಅಭ್ಯರ್ಥಿಯಾಗಬೇಕು ಎಂದು ಠರಾವು ಮಂಡಿಸಿದೆ. ನನ್ನ ಇಡೀ ರಾಜಕೀಯ ಜೀವನದಲ್ಲಿ ನಾನು ಮಂಡಿಸಿದ ಒಂದು ಠರಾವೂ ಚರ್ಚೆಯಿಲ್ಲದೆ ಪಾಸಾಗಿರಲಿಲ್ಲ. ಇದು ನಾನು ವಾಕ್ಯ ಮುಗಿಸುವ ಮೊದಲೇ, 'ನನ್ನ ಬದಲು' ಎಂಬಲ್ಲಿಗೇ, ಸರ್ವಾನುಮತದಿಂದ ಪಾಸಾಯಿತು.