ರೇಡಿಯೋಕ್ಕೆ ಬೆನ್ನು ಹಾಕಿ ಕೂತ ನಮ್ಮ ಮಾವ

ಒಂದು ರೇಡಿಯೋ ನಾಟಕವನ್ನು ಕೆಡಿಸಬೇಕಾದರೆ ಅದನ್ನು ಬರೆದವನಾಗಿರಬೇಕು, ಇಲ್ಲವೇ ಅದರಲ್ಲಿ ಪಾರ್ಟು ಮಾಡಿದವನಾಗಿರಬೇಕು ಎಂದು ಲೋಕ ತಿಳಿದಿದೆ. ಎರಡೂ ಅಲ್ಲದೆ, ರೇಡಿಯೋದಿಂದ ಎರಡು ಮಾರು ದೂರದಲ್ಲಿ ಕೂತು, ಕೈಯಲ್ಲಿ ಮಂಡಕ್ಕಿ ಹಿಡಿದುಕೊಂಡೇ ಆ ಕೆಲಸ ಮಾಡಬಹುದು ಎಂದು ದಾವಣಗೆರೆಯಲ್ಲಿ ಮೊಟ್ಟಮೊದಲು ತೋರಿಸಿಕೊಟ್ಟವರು ನನ್ನ ಸೋದರಮಾವ. ಆಮೇಲೆ ಬಹಳ ಜನ ಪ್ರಯತ್ನಪಟ್ಟರು. ಯಾರೂ ಆ ಮಟ್ಟ ಮುಟ್ಟಲಿಲ್ಲ.

ಆಗ ನಾನು ಹೈಸ್ಕೂಲಿನ ಹುಡುಗಿ. ಹಳೇಪೇಟೆಯ ನಮ್ಮ ಬೀದಿಗೆಲ್ಲ ಇದ್ದದ್ದು ಒಂದೇ ರೇಡಿಯೋ, ಅದು ನಮ್ಮ ಅಪ್ಪನದು. ಅಪ್ಪನದು ಕಾಳಿನ ಅಂಗಡಿ. ಅಂಗಡಿಯಲ್ಲಿ ಯಾರು ಎಷ್ಟು ಗಲಾಟೆ ಮಾಡಿದರೂ ತುಟಿ ಪಿಟಕ್ ಅನ್ನದ ಮನುಷ್ಯ, ಮನೆಯಲ್ಲಿ ರೇಡಿಯೋ ಹಚ್ಚಿದರೆಂದರೆ ಬೇರೆಯೇ ಆಗಿಬಿಡುತ್ತಿದ್ದರು. "ಇದು ಪೋಸ್ಟಾಫೀಸಿನಾಗ ಲೈಸೆನ್ಸ್ ಮಾಡ್ಸಿದ ರೇಡಿಯೋ. ಇದರ ಮುಂದ ಕೆಮ್ಮಬ್ಯಾಡ್ರಿ" ಎಂದು ಮೊದಲೇ ಹೇಳುತ್ತಿದ್ದರು. ಲೈಸೆನ್ಸಿಗೂ ಕೆಮ್ಮಿಗೂ ಏನು ಸಂಬಂಧ? ಕೇಳುವ ಧೈರ್ಯ ಯಾರಿಗಿತ್ತು! ಕೆಮ್ಮು ಬಂದವರು ಎದ್ದು ಹಿತ್ತಿಲಿಗೆ ಹೋಗಿ, ಕೆಮ್ಮಿ, ಬಾಯಿ ಒರೆಸಿಕೊಂಡು ವಾಪಸ್ಸು ಬರುತ್ತಿದ್ದರು.

ಪ್ರತಿ ಬುಧವಾರ ಸಂಜೆ ಕಾಲು ಗಂಟೆಯ ಧಾರಾವಾಹಿ ನಾಟಕ ಬರುತ್ತಿತ್ತು. ಒಬ್ಬಳು ಹಿರಿಸೊಸೆ. ಅವಳ ಗಂಡ ಮುಂಬಯಿಗೆ ಹೋದವನು ಒಂದು ಕಾಗದವನ್ನೂ ಬರೆದಿಲ್ಲ. ಇತ್ತ ಮನೆ, ಹೊಲ ಎರಡನ್ನೂ ನುಂಗಲು ಒಬ್ಬ ಶಾನುಭೋಗ ಬಾಯಿ ತೆರೆದುಕೊಂಡು ಕೂತಿದ್ದಾನೆ. ಇಷ್ಟೇ ಕಥೆ. ಇಷ್ಟಕ್ಕೇ ನಮ್ಮ ಬೀದಿಯ ಹೆಂಗಸರು ಬುಧವಾರ ಮಧ್ಯಾಹ್ನವೇ ರೊಟ್ಟಿ ಬಡಿದಿಟ್ಟು ಬರುತ್ತಿದ್ದರು. ನಾಟಕ ಮುಗಿದ ಮೇಲೆ ಸೊಸೆಯ ಬಗ್ಗೆ ಒಬ್ಬೊಬ್ಬರದೂ ಒಂದೊಂದು ಅಭಿಪ್ರಾಯ. ಅದು ಬಾವಿಕಟ್ಟೆ, ಹಿಟ್ಟಿನ ಗಿರಣಿ ಎಲ್ಲ ಸುತ್ತಿ ಮುಂದಿನ ಬುಧವಾರದ ತನಕ ಬಾಳುತ್ತಿತ್ತು.

ಈ ಸಭೆಗೆ ಮಾವ ತಪ್ಪದೆ ಹಾಜರು. ಅವರ ಮನೆ ಹರಿಹರದಲ್ಲಿ, ಕೆಲಸ ದಾವಣಗೆರೆಯ ಒಂದು ಬಟ್ಟೆ ಮಿಲ್ಲಿನ ಮಗ್ಗದ ಶೆಡ್ಡಿನಲ್ಲಿ. ಪಾಳಿ ಬಿಟ್ಟ ಕೂಡಲೇ ತಲೆಯ ಮೇಲೆ ಹತ್ತಿಯ ಎಳೆ ಅಂಟಿಸಿಕೊಂಡೇ ನಮ್ಮಲ್ಲಿಗೆ ಬಂದು, ನಾಟಕ ಮುಗಿಸಿ ಬಸ್ಸು ಹತ್ತುತ್ತಿದ್ದರು. ಬಂದವರು ಎಲ್ಲಿ ಕೂರಬೇಕು? ರೇಡಿಯೋದ ಎದುರಿಗೆ ತಾನೆ? ಇಲ್ಲ. ರೇಡಿಯೋಕ್ಕೆ ಬೆನ್ನು ಹಾಕಿ, ನಮ್ಮೆಲ್ಲರ ಕಡೆ ಮುಖ ಮಾಡಿ ಕೂರುತ್ತಿದ್ದರು! ಕಾಲು ಗಂಟೆ ಒಬ್ಬೊಬ್ಬರ ಮುಖವನ್ನೇ ದಿಟ್ಟಿಸುತ್ತಿದ್ದರು. "ಗುಡಿಗೆ ಬಂದು ದೇವರಿಗೆ ಬೆನ್ನು ತೋರ್ಸೋ ಭಕ್ತನ್ನ ಇಲ್ಲೇ ನೋಡಿದ್ದು ನಾನು" ಎಂದು ಅಪ್ಪ ಅಮ್ಮನ ಹತ್ತಿರ ಗೊಣಗುತ್ತಿದ್ದರು. ಅಮ್ಮ ತಮ್ಮನ ಪರ. "ಹೆಂಗ ಕುಂತ್ರೇನು, ಕಿವಿ ಎರಡೂ ಕಡೆ ಅದಾವಲ್ಲ" ಎನ್ನುತ್ತಿದ್ದಳು.

ಕೂತದ್ದು ದೊಡ್ಡದಲ್ಲ, ಆಮೇಲೆ ಬಾಯಿ ಬಿಡುತ್ತಿದ್ದರಲ್ಲ, ಅದು. ಒಂದು ವಾರ ಶಾನುಭೋಗ ಸೊಸೆಯ ತಾಳಿಯ ಮೇಲೆ ಆಣೆ ಹಾಕಿಸಿ, ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡ. ಸಭೆಗೆ ಸಭೆಯೇ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿತ್ತು. ಮಾವ ತೊಡೆ ತಟ್ಟಿ, ಮಗ್ಗದ ಶೆಡ್ಡಿನವರ ಆ ದೊಡ್ಡ ಗಂಟಲಿನಲ್ಲಿ ತೀರ್ಪು ಕೊಟ್ಟರು: "ಎಲ್ಲಾ ಸೊಸೇದೇ ತಪ್ಪು!"

ಅಬ್ಬಾ! ಎದುರು ಮನೆಯ ಟೀಚರಮ್ಮ ಎದ್ದು ನಿಂತೇಬಿಟ್ಟರು. "ಏನ್ರೀ ಹಂಗಂದ್ರ? ಆಕಿ ಏನು ಮಾಡ್ಯಾಳ್ರಿ? ಆ ಶಾನುಭೋಗ ಬಂದ, ತಾಳಿ ಮುಟ್ಟಿಸಿದ..." ಎಂದು ಮೊದಲಿನಿಂದ ಕೊನೆಯ ತನಕ, ಆಣೆ ಹಾಕಿದ ದನಿಯ ಸಮೇತ, ಮಾವನ ಮುಖದ ಮುಂದೆ ಕೈ ಆಡಿಸಿ ವಿವರಿಸಿದರು. ಅವರು ಬಿಟ್ಟದ್ದನ್ನು ಪಕ್ಕದವರು ತುಂಬಿದರು. ಮಾವ ಎಲ್ಲರನ್ನೂ ಗಮನವಿಟ್ಟು ನೋಡಿ, "ಹಂಗಾದ್ರ ಶಾನುಭೋಗಂದೇ ತಪ್ಪು ಬಿಡ್ರಿ" ಎಂದು ಟವೆಲ್ಲು ಕೊಡವಿ ಎದ್ದರು. ಇಷ್ಟು ಬೇಗ ಸೋಲುವವರು ಜಗಳ ಯಾಕೆ ತೆಗೆಯಬೇಕು?

ಇನ್ನೊಂದು ವಾರ, "ಆ ಮೈದುನಗ ಒಂದು ಲಗ್ನ ಮಾಡ್ಬೇಕ್ರಿ, ಎಲ್ಲಾ ಸರಿಹೋಗ್ತೈತೆ" ಎಂದರು. ಸೊಸೆಯ ಆ ಮೈದುನ ಅವತ್ತೇ, ಐದು ನಿಮಿಷದ ಕೆಳಗೆ, ಹಾವು ಕಚ್ಚಿ ಸತ್ತಿದ್ದ. ಎಲ್ಲರೂ ಮಾವನನ್ನು ದುರುಗುಟ್ಟಿಕೊಂಡು ನೋಡಿದರು. ಕೊನೆಗೆ ಅಮ್ಮನೇ ಅಳುತ್ತಾ, ಹಾವು ಎಲ್ಲಿಂದ ಬಂತು, ಯಾವ ಕಾಲಿಗೆ ಕಚ್ಚಿತು, ಸಾಯುವಾಗ ಏನಂದ ಎಂದು ಹೇಳಿದಳು. "ಅಯ್ಯೋ ಶಿವನೇ, ಹಂಗಾದ್ರ ಲಗ್ನ ಬ್ಯಾಡ" ಎಂದರು ಮಾವ.

ಹೀಗೆ ಸಹಿಸಿಕೊಂಡು ಬಂದ ಅಪ್ಪನ ತಾಳ್ಮೆ ಮುಗಿದದ್ದು ಒಂದು ಮೆಣಸಿನಕಾಯಿಯಿಂದ. ಅವತ್ತು ಕೊನೆಯ ಕಂತಿನ ಹಿಂದಿನ ಕಂತು. ಮುಂಬಯಿಯಿಂದ ಗಂಡನ ಕಾಗದ ಬಂದಿದೆ! ಅದನ್ನು ಓದುವುದನ್ನು ಕೇಳಲು ಪೇಟೆಯ ಹತ್ತಿ ವ್ಯಾಪಾರದ ಸಾಹುಕಾರರೇ ಖುದ್ದಾಗಿ ನಮ್ಮ ಮನೆಗೆ ಬಂದಿದ್ದರು. ದೊಡ್ಡವರು ಬಂದಿದ್ದಾರೆಂದು ಅಮ್ಮ ಮಂಡಕ್ಕಿ, ಬಿಸಿಬಿಸಿ ಮೆಣಸಿನಕಾಯಿ ಬಜ್ಜಿ ಮಾಡಿ ಹಂಚಿದ್ದಳು. ರೇಡಿಯೋದಲ್ಲಿ ಸೊಸೆ ಲಕೋಟೆ ಹರಿದಳು. ಒಂದು ಸೂಜಿ ಬಿದ್ದರೂ ಕೇಳಿಸುವಷ್ಟು ಸದ್ದಡಗಿತ್ತು. ಸಾಹುಕಾರರು ಅದೇ ಹೊತ್ತಿಗೆ ಒಂದು ಮೆಣಸಿನಕಾಯಿ ಕಚ್ಚಿದರು. ಅದು ಎಂಥಾ ಖಾರದ್ದೋ! ಮುಖ ಕೆಂಪಾಯಿತು, ಕಣ್ಣಲ್ಲಿ ದಳದಳ ನೀರು. ಅಪ್ಪನ ಕಾನೂನಿಗೆ ಹೆದರಿ ಪಾಪ, ಸದ್ದು ಮಾಡದೆ ಬಾಯಿ ತೆರೆದು ಮುಚ್ಚುತ್ತಿದ್ದರು.

ಮಾವ ಅದನ್ನು ನೋಡಿದರು. ಎದ್ದು ಹೋಗಿ ಸಾಹುಕಾರರ ಎರಡೂ ಕೈ ಹಿಡಿದುಕೊಂಡು, ಶೆಡ್ಡಿನ ಗಂಟಲಿನಲ್ಲಿ ಶುರು ಮಾಡಿದರು: "ಸಮಾಧಾನ ಮಾಡ್ಕಳ್ರಿ ಸಾವ್ಕಾರ್ರೇ! ಹೋದೋರು ಹೋದ್ರು! ಹುಟ್ಟಿದೋರಿಗೆ ಸಾವು ತಪ್ಪಿದ್ದಲ್ಲ! ನೀವೇ ಹಿಂಗ ಅತ್ರ ಹೆಣ್ಮಕ್ಕಳ ಗತಿ ಏನ್ರಿ?" ಸಾಹುಕಾರರು ತಲೆ ಅಲ್ಲಾಡಿಸಿದಷ್ಟೂ ಮಾವನ ಸಾಂತ್ವನ ಜೋರಾಯಿತು. ಅಪ್ಪ ಹಿಂದಿನಿಂದ "ಲೇ! ಲೇ!" ಎಂದು ಕೂಗಿದರು. ಮಾವ ತಿರುಗಿ ಕೂಡ ನೋಡಲಿಲ್ಲ. ಅವರು ಮುಗಿಸುವ ಹೊತ್ತಿಗೆ ಕಾಗದ ಓದಿ ಮುಗಿದಿತ್ತು, ಕಂತೂ ಮುಗಿದು ಪೇಟೆ ಧಾರಣೆ ಶುರುವಾಗಿತ್ತು. ಆ ಕಾಗದದಲ್ಲಿ ಏನಿತ್ತು ಅಂತ ನಮ್ಮ ಬೀದಿಗೆ ಇವತ್ತಿನ ತನಕ ಗೊತ್ತಿಲ್ಲ.

ಅಪ್ಪ ಮಾವನ ಎದುರಿಗೆ ಬಂದು ನಿಂತರು. "ಮುಂದಿನ ಬುಧವಾರದಿಂದ ನೀನು ಬರೋದು ಬ್ಯಾಡ" ಎಂದರು. ಅಷ್ಟೇ. ಮಾವ ಅವರ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. "ಕೊನೇ ಕಂತೊಂದು ಐತಲ್ಲ ಭಾವ" ಎಂದರು. ಅಪ್ಪ ಬ್ಯಾಡ ಎಂದು ತಲೆಯಾಡಿಸಿದರು. ಮಾವ ಊಟದ ಡಬ್ಬಿ ಎತ್ತಿಕೊಂಡು ಮೆಟ್ಟಿಲಿಳಿದು ಹೋದರು. ಅಂಥಾ ಜಗಳಗಂಟ ಮನುಷ್ಯ, ಜಗಳವಾಡದೆ ಹೋದರು.

ಅಮ್ಮ ಅಪ್ಪನ ಜೊತೆ ಮಾತು ಬಿಟ್ಟಳು. ಬೇಕಾದದ್ದನ್ನು ಗೋಡೆಗೆ ಹೇಳುತ್ತಿದ್ದಳು, ಗೋಡೆಯಿಂದ ಅಪ್ಪ ಕೇಳಿಸಿಕೊಳ್ಳುತ್ತಿದ್ದರು. ಭಾನುವಾರ ಒಂದು ಗಂಟು ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿ, "ಮಾವನ ಮನೀಗೆ ಕೊಟ್ಟು, ಮುಖ ನೋಡಿ ಬಾ" ಎಂದು ನನ್ನನ್ನು ಹರಿಹರದ ಬಸ್ಸಿಗೆ ಹತ್ತಿಸಿದಳು.

ಮಾವನ ಮನೆ ಹೊಳೆಯ ಕಡೆ ಹೋಗುವ ಓಣಿಯಲ್ಲಿ. ಮಾವ ಹಿತ್ತಿಲಲ್ಲಿ ಬಾಗಿಲಿಗೆ ಬೆನ್ನು ಹಾಕಿ ನೀರು ಸೇದುತ್ತಿದ್ದರು. ಅವರ ಹೆಂಡತಿ, ನಮ್ಮ ಅತ್ತೆ, ಒಲೆಯ ಮುಂದಿನಿಂದ ಎದ್ದು ಬಂದು ನನ್ನ ಗಲ್ಲ ಸವರಿದಳು. ಮನೆಯಲ್ಲಿ ಮಕ್ಕಳಿಲ್ಲ, ಇಬ್ಬರೇ. "ನಿಮ್ಮ ಮಾವ ನಾಲ್ಕು ದಿನದಿಂದ ಮಾತಾಡಿಲ್ಲ. ನಿಮ್ಮ ಮನ್ಯಾಗ ಏನಾತವ್ವಾ?" ಎಂದಳು. ನಾನು ಎಲ್ಲ ಹೇಳಿದೆ. ಮೆಣಸಿನಕಾಯಿ ವಿಷಯಕ್ಕೆ ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. ಕೈಯಲ್ಲಿದ್ದ ಹಿತ್ತಾಳೆ ತಟ್ಟೆಯನ್ನು ಬಂಡೆಯ ಮೇಲೆ ಬಿಟ್ಟಳು. ಠಣಾರ್ ಎಂದು ಅದು ಕುಣಿಯಿತು, ನಾನು ಬೆಚ್ಚಿಬಿದ್ದೆ. ನಾಲ್ಕು ಹೆಜ್ಜೆ ಆಚೆ ನೀರು ಸೇದುತ್ತಿದ್ದ ಮಾವ ತಿರುಗಲೂ ಇಲ್ಲ.

"ನೋಡಿದ್ಯಾ? ನಾಲ್ಕು ವರ್ಷ ಆತು" ಎಂದಳು ಅತ್ತೆ. "ಆ ಮಗ್ಗದ ಸದ್ದು ಕಿವೀನ ತಿಂದುಬಿಡ್ತು. ಶೆಡ್ಡಿನಾಗ ಎಲ್ಲಾರೂ ತುಟಿ ನೋಡೇ ಮಾತಾಡ್ತಾರಂತೆ, ಅದನ್ನ ಕಲ್ತಾರೆ. ಎದುರಿಗೆ ನಿಂತು ಮಾತಾಡಿದ್ರ ಎಲ್ಲಾ ತಿಳೀತೈತೆ. ನನಗ ಗೊತ್ತಿಲ್ಲ ಅಂದ್ಕಂಡಾರೆ. ನಾನೂ ಹೇಳಿಲ್ಲ."

ರೇಡಿಯೋಕ್ಕೆ ತುಟಿಯಿಲ್ಲ! ಮಾವ ನಮ್ಮ ಮುಖ ನೋಡಿ ಕೂರುತ್ತಿದ್ದದ್ದು, ಬೇಕೆಂದೇ ತಪ್ಪು ಹೇಳಿ ಇಡೀ ಸಭೆಯನ್ನು ಮೈಮೇಲೆ ಎಳೆದುಕೊಳ್ಳುತ್ತಿದ್ದದ್ದು, ಎಲ್ಲ ನನಗೆ ಅವತ್ತು ತಿಳಿಯಿತು. "ಮತ್ತ ಕೇಳ್ಸದಿಲ್ಲ ಅಂದ್ಮೇಲೆ ನಾಟಕಕ್ಕೆ ಯಾಕ ಬರ್ತಾರೆ ಅತ್ತೀ?" ಎಂದೆ.

"ನಾನೇ ಕಳಿಸ್ತೀನಿ" ಎಂದಳು. "ಕಿವಿ ಹೋದ ಹೊಸದ್ರಾಗ ಹೆಂಗಾಗಿದ್ರು ಗೊತ್ತಾ? ಬರೋದು, ಉಣ್ಣೋದು, ಗೋಡೆ ಕಡೆ ತಿರುಗಿ ಮಲಗೋದು. ಉತ್ತರ ಕೊಡದಿರೋರ್ನ ಯಾರು ಎಷ್ಟು ದಿನ ಮಾತಾಡಿಸ್ತಾರೆ? ಓಣ್ಯಾಗ ಒಬ್ಬೊಬ್ರೇ ಬಿಟ್ಟರು. ಅದಕ್ಕ ನಾನು ಒಂದು ಸುಳ್ಳು ಹೇಳ್ದೆ. ನಿಮ್ಮಕ್ಕನ ಮನ್ಯಾಗ ನಾಟಕ ಬರ್ತೈತಂತೆ, ನನಗ ಆ ಕಥಿ ಕೇಳದಿದ್ರ ಜೀವಾನೇ ನಿಲ್ಲದಿಲ್ಲ, ಕೇಳ್ಕಂಡು ಬಂದು ಹೇಳ್ರಿ ಅಂದೆ. ಅವತ್ತಿಂದ ಬುಧವಾರ ಬುಧವಾರ ಹೋಗ್ತಾರೆ. ಬಂದು ಕೈಕಾಲು ಕೂಡ ತೊಳೀದೆ ಶುರು ಮಾಡ್ತಾರೆ. ಮಾರನೇ ದಿನಾನೂ ಅದೇ, ಅದರ ಮಾರನೇ ದಿನಾನೂ ಅದೇ. ನನಗ ಯಾವ ಸೊಸೆ ಕಥೀನೂ ಬ್ಯಾಡವ್ವ. ಅವರ ಮಾತು ಬೇಕು."

ಅಷ್ಟರಲ್ಲಿ ಮಾವ ಕೊಡ ಹೊತ್ತು ಒಳಗೆ ಬಂದರು. ನನ್ನನ್ನು ನೋಡಿ ಒಂದು ಸಲ ನಕ್ಕರು. ಯಾವ ವಿಷಯದ ಮೇಲೂ ಅವರಿಗೆ ಅಭಿಪ್ರಾಯವಿರಲಿಲ್ಲ. ಚಟ್ನಿಪುಡಿಯ ಮೇಲೂ ಇರಲಿಲ್ಲ.

ಮನೆಗೆ ಬಂದು ಅಪ್ಪ, ಅಮ್ಮ ಇಬ್ಬರನ್ನೂ ಕೂರಿಸಿ ಹೇಳಿದೆ. ಅಮ್ಮ ಅತ್ತಳು. ಅಪ್ಪ, "ನಾಲ್ಕು ವರ್ಷ ನಾನು ಬೈದದ್ದೆಲ್ಲ?" ಎಂದರು. "ಮುಂದ ನಿಂತು ಬೈದದ್ದು ಮುಟ್ಟೈತೆ. ಹಿಂದಿಂದ ಬೈದದ್ದು ಉಳಿದೈತೆ" ಎಂದಳು ಅಮ್ಮ, ಗೋಡೆಯನ್ನು ಬಿಟ್ಟು ನೇರವಾಗಿ ಅಪ್ಪನಿಗೇ. ಬೀದಿಯವರಿಗೆ ಹೇಳಕೂಡದು ಎಂದು ಮೂವರೂ ಮಾತಾಡಿಕೊಂಡೆವು.

ಬುಧವಾರ ಅಪ್ಪ ಹಗಲಲ್ಲೇ ಅಂಗಡಿಯ ಬಾಗಿಲು ಹಾಕಿದರು. ಹಿಂದೆಂದೂ ಹಾಗೆ ಮಾಡಿದವರಲ್ಲ. ಮಿಲ್ಲಿನ ಗೇಟಿಗೆ ಹೋಗಿ, ಪಾಳಿ ಬಿಟ್ಟು ಬಂದ ಮಾವನನ್ನು ತೋಳು ಹಿಡಿದು ಕರೆದುಕೊಂಡು ಬಂದರು. ಅದೇ ಕುರ್ಚಿಯಲ್ಲಿ ಕೂರಿಸಿದರು. ಆಮೇಲೆ ಇನ್ನೊಂದು ಕುರ್ಚಿ ಎಳೆದು, ನಮಗೆಲ್ಲ ಬೆನ್ನು ಹಾಕಿ, ಮೊಣಕಾಲಿಗೆ ಮೊಣಕಾಲು ತಾಗುವಂತೆ ಮಾವನ ಎದುರಿಗೆ ಕೂತರು. ಗಂಡಸರಿಬ್ಬರ ನಡುವೆ ಇವತ್ತು ಕೈ ಕೈ ಹತ್ತುತ್ತದೆ ಎಂದೇ ಬೀದಿಯವರು ತಿಳಿದರು.

ನಾಟಕ ಶುರುವಾಯಿತು. ನಾನು ಗೋಡೆಯ ಪಕ್ಕಕ್ಕಿದ್ದೆ, ನನಗೊಬ್ಬಳಿಗೆ ಕಾಣುತ್ತಿತ್ತು. ಕೆಮ್ಮಿದವರನ್ನು ಹಿತ್ತಿಲಿಗಟ್ಟಿದ ನಮ್ಮ ಅಪ್ಪ, ರೇಡಿಯೋದ ಒಂದೊಂದು ಮಾತನ್ನೂ ಸದ್ದಿಲ್ಲದೆ ತುಟಿಯಲ್ಲಿ ಆಡಿ ತೋರಿಸುತ್ತಿದ್ದರು. ಸೊಸೆ ಅತ್ತರೆ ಮೀಸೆಯ ಕೆಳಗೆ ಅಪ್ಪನ ತುಟಿ ನಡುಗುತ್ತಿತ್ತು. ಶಾನುಭೋಗನಿಗೆ ಹುಬ್ಬು ಮೇಲೇರುತ್ತಿತ್ತು. ಗಂಡ ಬಾಗಿಲಿಗೆ ಬಂದು ನಿಂತಾಗ ಹೆಂಡತಿಯ ಮಾತನ್ನೂ ಅವರೇ, ಗಂಡನ ಮಾತನ್ನೂ ಅವರೇ ಆಡಬೇಕಾಗಿ ಬಂದು, ಹಣೆಯ ಮೇಲೆ ಬೆವರು ಸಾಲುಗಟ್ಟಿತು. ಮಾವ ಮೊದಲು ಗಾಬರಿಯಾದರು, ಆಮೇಲೆ ನಾಚಿದರು, ಆಮೇಲೆ ಕಣ್ಣು ತುಂಬಿಕೊಂಡು, ರೆಪ್ಪೆ ಮುಚ್ಚಿದರೆ ಎಲ್ಲಿ ಒಂದು ಮಾತು ತಪ್ಪುತ್ತದೋ ಎಂದು ಹಾಗೇ ಬಿಟ್ಟ ಕಣ್ಣಿನಿಂದ ನೋಡುತ್ತಾ ಕೂತರು. ನಾಟಕ ಮುಗಿದಾಗ ಬೀದಿಯವರೆಲ್ಲ ಅವರ ತೀರ್ಪಿಗೆ ಕಾದರು. ಮಾವ ಅಪ್ಪನ ಕೈ ಮುಟ್ಟಿ ಎದ್ದರು.

ಬಸ್ ಸ್ಟ್ಯಾಂಡಿಗೆ ನಾನೂ ಅಪ್ಪನೂ ಹೋದೆವು. ಮಾವ ಹತ್ತಿ ಕಿಟಕಿಯ ಪಕ್ಕ ಕೂತರು. ಆಗಲೇ ಪಕ್ಕದಲ್ಲಿ ಕೂತವನ ಭುಜ ತಟ್ಟಿ, "ಆ ಸೊಸಿ ಅದಾಳಲ್ರೀ..." ಎಂದು ಶುರು ಮಾಡಿಯೂ ಆಗಿತ್ತು. ಬಸ್ಸು ಅಲ್ಲಾಡಿತು. ಅಪ್ಪ ಪಂಚೆ ಎತ್ತಿ ಹಿಡಿದು ಓಡಿ, ಮುಖ ಕಾಣುವಂತೆ ಕಿಟಕಿಯ ಮುಂದೆ ಬಂದು, ಇಡೀ ಸ್ಟ್ಯಾಂಡು ತಿರುಗಿ ನೋಡುವಂತೆ ಕೂಗಿದರು:

"ಬಸ್ಸಿನಾಗ ಹೇಳಿ ಖರ್ಚು ಮಾಡಬ್ಯಾಡೋ! ಪೂರಾ ಮನೀಗೆ ಒಯ್ಯಿ. ಆಕಿ ಕಾಯ್ತಿರ್ತಾಳೆ!"