ಅತ್ತೆಗೆ ಬೆನ್ನು ಮಾಡಿ ಆಡಿದ ಆಟ

ದಣಿದವನಿಗೆ ಬುದ್ಧಿ ಹೇಳುವವರಿಗೆ ನಮ್ಮ ಹೊಸಪೇಟೆಯಲ್ಲಿ ಬರಗಾಲವಿಲ್ಲ. ಡ್ಯಾಮಿನ ಕಡೆ ವಾಕಿಂಗ್ ಹೋಗು ಎನ್ನುವವರು ಒಬ್ಬರು, ಮೂಗು ಹಿಡಿದು ಉಸಿರು ಬಿಡು ಎನ್ನುವವರು ಇನ್ನೊಬ್ಬರು, ಬೆಲ್ಲ ಹಾಕಿದ ಬಿಸಿನೀರು ಕುಡಿ ಎನ್ನುವವರು ಮತ್ತೊಬ್ಬರು. ಇವರಿಗೆಲ್ಲ ನಾನು ಹೂಂ ಎನ್ನುತ್ತೇನೆ. ಆಮೇಲೆ ಮನೆಗೆ ಬಂದು ವಿಡಿಯೋ ಗೇಮ್ ಆಡುತ್ತೇನೆ. ಕರಿಕೂದಲಿಗಿಂತ ಬಿಳಿಕೂದಲು ಹೆಚ್ಚಾದ ಮನುಷ್ಯ ಹೇಳಿಕೊಳ್ಳುವ ಮಾತಲ್ಲ ಇದು. ಇಸ್ಪೀಟು ಆಡುತ್ತೇನೆ ಎಂದರೂ ಜನ ಒಂದು ಮರ್ಯಾದೆ ಕೊಡುತ್ತಾರೆ, ಇದಕ್ಕೆ ಅದೂ ಇಲ್ಲ. ಚೆನ್ನಾಗಿಯಾದರೂ ಆಡುತ್ತೇನೆಯೇ ಎಂದರೆ ಅದೂ ಇಲ್ಲ. ಕುದುರೆಯಿಂದ ಇಳಿಯುವ ಗುಂಡಿ ಒತ್ತಲು ಹೋಗಿ ಕತ್ತಿ ಬೀಸುವ ಗುಂಡಿ ಒತ್ತಿ ನನ್ನ ಕುದುರೆಗೆ ನಾನೇ ಹೊಡೆದಿದ್ದೇನೆ. ಅದು ಓಡಿಹೋಗಿದೆ. ಅದರ ಹಿಂದೆ ಗುಡ್ಡ ಹತ್ತಿ ಇಳಿದು, ಅಂದಿನ ಆಟವನ್ನು ಅಷ್ಟಕ್ಕೇ ಮುಗಿಸಿದ್ದೇನೆ.

ನನ್ನ ಕೆಲಸ ಸಂಡೂರಿನ ಗಣಿ ಕಂಪನಿಯೊಂದರಲ್ಲಿ. ಅದಿರಿನ ಲಾರಿಗಳಿಗೆ ಸರದಿ ಹಚ್ಚಿ ಕಳಿಸುವುದು. ಒಬ್ಬ ಡ್ರೈವರ್ ಮುಂದೆ ಬಿಡ್ರಿ ಎನ್ನುತ್ತಾನೆ, ಒಬ್ಬ ನನ್ನನ್ಯಾಕ ಹಿಂದ ಹಾಕಿದ್ರಿ ಎನ್ನುತ್ತಾನೆ. ದಿನವೆಲ್ಲ ಇದನ್ನು ಕೇಳಿ, ಕಂಪನಿ ಬಸ್ಸಿನಲ್ಲಿ ತೂಕಡಿಸುತ್ತ ಊರು ಸೇರುವಾಗ ನನಗೆ ಬೇಕಾಗುವುದು ಒಂದೇ: ಒಂದು ತಾಸು ಯಾರೂ ನನ್ನನ್ನು ಏನೂ ಕೇಳಬಾರದು.

ಮೊದಲು ಸಹೋದ್ಯೋಗಿ ಬಸವರಾಜನ ಮಾತು ಕೇಳಿ ಆನ್‌ಲೈನ್ ಆಟಕ್ಕೆ ಸೇರಿದ್ದೆ. ಎಲ್ಲೆಲ್ಲಿಯವರೋ ಕೂಡಿ ಒಂದು ತಂಡ ಕಟ್ಟಿ ರಾಕ್ಷಸನ ಮೇಲೆ ಬೀಳುವ ಆಟ. ಅದರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ನನ್ನ ಕೈ ನೋಡಿದ ತಂಡದ ನಾಯಕ ಕತ್ತಿ ಕೊಡಲಿಲ್ಲ, ಗಾಯವಾದವರಿಗೆ ಮಂತ್ರ ಹಾಕುವ ವೈದ್ಯನ ಕೆಲಸ ಕೊಟ್ಟ. ಇಲ್ಲಿ ನನ್ನ ಊರಬುದ್ಧಿ ಅಡ್ಡ ಬಂತು. ಬಿದ್ದವನನ್ನು ಕಂಡರೆ 'ಯಾಕ್ರೀ, ಆರಾಮಿಲ್ಲೇನು, ಊಟ ಆತೇನು' ಎಂದು ವಿಚಾರಿಸದೆ ಮದ್ದು ಹಾಕುವುದು ಹೇಗೆ? ನಾನು ಮೈಕಿನಲ್ಲಿ ವಿಚಾರಿಸುವಷ್ಟರಲ್ಲಿ ಅವನು ಸತ್ತಿರುತ್ತಿದ್ದ. 'ಅಣ್ಣಾ, ಮಾತು ಆಮೇಲೆ, ಮೊದಲು ಜೀವ ಉಳಿಸು' ಎಂದು ನಾಯಕ ಬೈಯುತ್ತಿದ್ದ. ಬೈದರೆ ಬೈಯಲಿ, ಆದರೆ ಅವನು ಹಾಜರಿ ಬೇರೆ ತೆಗೆದುಕೊಳ್ಳುತ್ತಿದ್ದ. ಬಾರದಿದ್ದರೆ ಕಾರಣ ಹೇಳಬೇಕು. ಒಂದು ಸಂಜೆ, ಸಂಬಂಧಿಕರೊಬ್ಬರು ತೀರಿಕೊಂಡರು, ಮಣ್ಣಿಗೆ ಹೋಗಿದ್ದೆ ಎಂದು ಅವನಿಗೆ ಸುಳ್ಳು ಹೇಳಿದೆ. ಅದೇ ಸುಳ್ಳನ್ನು ಹಿಂದಿನ ವಾರವಷ್ಟೇ ಆಫೀಸಿನಲ್ಲಿಯೂ ಹೇಳಿದ್ದೆ. ಎರಡು ಕಡೆ ನೌಕರಿ ಮಾಡುವಷ್ಟು ಶಕ್ತಿ ನನಗಿಲ್ಲವೆಂದು ಅವತ್ತೇ ಆ ಆಟ ಬಿಟ್ಟೆ.

ಉಳಿದದ್ದು ಮನೆಯಲ್ಲಿದ್ದ ಗೇಮಿನ ಪೆಟ್ಟಿಗೆ. ಮಗಳಿಗೆಂದು ತಂದದ್ದು. ಅವಳು ಓದಲು ಧಾರವಾಡಕ್ಕೆ ಹೋದ ಮೇಲೆ ಅದು ಟಿ.ವಿ.ಯ ಕೆಳಗೆ ಧೂಳು ತಿನ್ನುತ್ತಿತ್ತು. ಅದರೊಳಗಿನ ಆಟದಲ್ಲಿ ಒಬ್ಬ ತರುಣ ವೀರ, ಒಂದು ಕುದುರೆ, ಕಣ್ಣು ಹಾಯಿಸಿದಷ್ಟೂ ದೇಶ. ಯಾರೂ ಹಾಜರಿ ಕೇಳುವುದಿಲ್ಲ. ಲೋಕ ಉಳಿಸಬೇಕಾದ ವೀರ ಹೊಳೆಯ ದಂಡೆಯಲ್ಲಿ ಸುಮ್ಮನೆ ನಿಂತರೂ ಲೋಕ ಕಾಯುತ್ತದೆ. ಲಾರಿ ಡ್ರೈವರುಗಳಿಗಿಂತ ಅದಕ್ಕೆ ತಾಳ್ಮೆ ಹೆಚ್ಚು. ಸಂಜೆಯ ಆ ಒಂದು ತಾಸು ನನಗೆ ದಕ್ಕಿತ್ತು. ಅಷ್ಟರಲ್ಲಿ ಕಂಪ್ಲಿಯಿಂದ ಅತ್ತೆ ಬಂದರು.

ಅತ್ತೆಯ ಮೊಣಕಾಲಿನ ಆಪರೇಷನ್ ಹೊಸಪೇಟೆಯಲ್ಲಾಯಿತು. ಮೇಲಿಂದ ಮೇಲೆ ಡಾಕ್ಟರಿಗೆ ತೋರಿಸಬೇಕು, ಹಾಗಾಗಿ ಕಾಲು ಹಿಡಿತಕ್ಕೆ ಬರುವವರೆಗೆ ಊರೊಳಗೇ ಚಿತ್ತವಾಡ್ಗಿಯಲ್ಲಿರುವ ನಮ್ಮ ಮನೆಯಲ್ಲೇ ಇರಲಿ ಎಂದಾಯಿತು. ಇರಲಿ, ಯಾರು ಬೇಡ ಎಂದರು? ತೊಂದರೆ ಏನೆಂದರೆ, ಅತ್ತೆ ಹಳೆಯ ಕಾಲದವರು. ಅವರ ಲೆಕ್ಕದಲ್ಲಿ ಅಳಿಯನ ಮುಂದೆ ಅತ್ತೆ ನಿಲ್ಲಬಾರದು, ಕೂರಬಾರದು, ಅಳಿಯನ ಜೊತೆ ನೇರವಾಗಿ ಮಾತಾಡಬಾರದು. ನನ್ನ ಮದುವೆಯಾದಾಗಿನಿಂದ ಅವರು ನನಗೆ ಕಂಡಿರುವುದು ಬಾಗಿಲ ಸಂದಿಯಲ್ಲಿ ಸೆರಗಿನ ಒಂದು ಅಂಚಾಗಿ. ಮಾತೆಲ್ಲ ನನ್ನ ಹೆಂಡತಿ ಗಿರಿಜಾಳ ಮೂಲಕ. ನಾನು ಬಾಗಿಲ ಈಚೆಗೇ ಕೂತಿದ್ದರೂ 'ಅಳಿಯಂದ್ರಿಗೆ ಇನ್ನೊಂದು ರೊಟ್ಟಿ ಬೇಕೇನು ಕೇಳವ್ವ' ಎನ್ನುತ್ತಾರೆ. ಬೇಡ ಎಂದು ನಾನು ಅವರಿಗೆ ಕೇಳುವಂತೆಯೇ ಹೇಳಿದರೂ, ಗಿರಿಜಾ 'ಬ್ಯಾಡಂತವ್ವ' ಎಂದ ಮೇಲೆಯೇ ಅದು ಬೇಡವಾಗುವುದು.

ಹಬ್ಬಕ್ಕೆ ಬಂದು ಹೋಗುವವರಿಗೆ ಇದು ಚೆಂದ. ಒಂದೇ ಹಾಲು, ಒಂದು ಕೋಣೆ, ಒಂದು ಅಡಿಗೆಮನೆಯ ನಮ್ಮ ಮನೆಯಲ್ಲಿ ದಿನಾ ನಡೆಯುವುದಾದರೆ ದೇವರೇ ಗತಿ. ವಾಕರ್ ಹಿಡಿದು ಓಡಾಡಲು ಜಾಗವಿರುವುದು ಹಾಲಿನಲ್ಲಿ ಮಾತ್ರ. ಒಬ್ಬರೇ ಇದ್ದಾಗ ನಡೆಯಬೇಡಿ, ಬಿದ್ದೀರಿ ಎಂದು ಡಾಕ್ಟರು ಹೆದರಿಸಿದ್ದರು. ಗಿರಿಜಾ ಟೀಚರು, ಅವಳು ಸ್ಕೂಲಿನಿಂದ ಬರುವುದು ಸಂಜೆ. ನಾನು ಬರುವುದೂ ಸಂಜೆ. ಬಾಗಿಲಲ್ಲಿ ನನ್ನ ಚಪ್ಪಲಿಯ ಸಪ್ಪಳ ಕೇಳಿದ್ದೇ ತಡ, ಅತ್ತೆ ಕೋಣೆ ಸೇರಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದರು. ಮುಂದಿನ ಸಲ ತೋರಿಸಲು ಹೋದಾಗ ಡಾಕ್ಟರು ಕಾಲು ಮಡಚಿ ನೋಡಿ ಮುಖ ಗಂಟಿಕ್ಕಿದರಂತೆ. 'ಈಗ ನಡೀಲಿಲ್ಲ ಅಂದ್ರ ಈ ಕಾಲು ಕಟ್ಟಿಗಿ ಆಗ್ತೈತಿ ನೋಡಮ್ಮ, ಆಮ್ಯಾಲೆ ನಾನೂ ಏನೂ ಮಾಡಂಗಿಲ್ಲ.'

ಗಿರಿಜಾ ಇದನ್ನು ನನಗೆ ಹೇಳಿ ಸುಮ್ಮನೆ ನನ್ನನ್ನೇ ನೋಡಿದಳು. ಅವಳ ಕಣ್ಣಲ್ಲಿ ನೀರಿತ್ತು. ಅಂದರೆ ಕಾಲು ಕಟ್ಟಿಗೆಯಾಗಲು ಕಾರಣ ನಾನು. ನಾನು ಮಾಡಿದ ತಪ್ಪು, ನನ್ನ ಮನೆಗೆ ನಾನು ಬಂದದ್ದು.

ಸರಿ, ನಾನು ಮನೆ ಬಿಟ್ಟೆ. ಬಸ್ಸಿಳಿದು ಸ್ಕೂಟರ್ ಹತ್ತಿ ಊರು ಸುತ್ತುವುದು. ಕಡ್ಡಿರಾಂಪುರದವರೆಗೆ ಹೋಗಿ, ರಸ್ತೆ ಬದಿ ಮಿರ್ಚಿ ಮಂಡಕ್ಕಿ ತಿಂದು, ಕತ್ತಲಾದ ಮೇಲೆ ತಿರುಗಿ ಬರುವುದು. ದಿನಾ ನೋಡಿದ ಅಂಗಡಿಯವನು ಒಮ್ಮೆ ಮೆಲ್ಲಗೆ, 'ಸಾಹೇಬ್ರ, ಮನ್ಯಾಗ ಎಲ್ಲಾ ಆರಾಮೇನ್ರಿ?' ಎಂದು ಕೇಳಿದ. ಆರಾಮ ಎಂದೆ. ಅವನು ನಂಬಲಿಲ್ಲ, ಒಂದು ಮಿರ್ಚಿ ಹೆಚ್ಚಿಗೆ ಹಾಕಿದ. ನನ್ನ ಹೊಟ್ಟೆ ಕೆಟ್ಟಿತು. ಎಣ್ಣೆಯಲ್ಲಿ ಕರಿದದ್ದನ್ನು ತಿನ್ನುತ್ತ, ಸ್ವಂತ ಮನೆ ಇದ್ದೂ ಬಯಲಲ್ಲಿ ಕೂತ ನನ್ನನ್ನು ಕಂಡು ನನಗೇ ಅಳು ಬರುವಂತಾಗುತ್ತಿತ್ತು.

ಒಂದು ಸಂಜೆ ಸಾಕೋ ಸಾಕಾಗಿ ನೇರ ಮನೆಗೇ ಬಂದೆ. 'ಇವತ್ತು ನನ್ನ ಕೈಲಾಗಂಗಿಲ್ಲ' ಎಂದು ಹಾಲಿನಲ್ಲಿ ಕುಸಿದೆ. ಕೋಣೆಯ ಬಾಗಿಲು ಮುಚ್ಚಿತು. ಗಿರಿಜಾ ಒಮ್ಮೆ ನನ್ನನ್ನು, ಒಮ್ಮೆ ಬಾಗಿಲನ್ನು ನೋಡಿ, ಟಿ.ವಿ.ಯ ಮುಂದೆ ನೆಲದ ಮೇಲೆ ಒಂದು ದಿಂಬು ಒಗೆದಳು.

'ಇಲ್ಲಿ ಕುಂದ್ರಿ. ಟಿ.ವಿ. ಕಡಿ ಮಾರಿ ಮಾಡ್ರಿ. ಆ ನಿಮ್ಮ ಕುದುರಿ ಆಟ ಹಚ್ರಿ. ಹಿಂದ ಮಾತ್ರ ತಿರುಗಬ್ಯಾಡ್ರಿ.' ಆಮೇಲೆ ಕೋಣೆಯ ಕಡೆ ತಿರುಗಿ, 'ಯವ್ವಾ, ಹೊರಗ ಬಾ. ಅವರು ಆ ಕಡಿ ಮಾರಿ ಮಾಡ್ಯಾರ. ಬೆನ್ನಿನ ಮುಂದ ನಿಂತ್ರ ಅಳಿಯನ ಮುಂದ ನಿಂತಂಗ ಆಗಂಗಿಲ್ಲ' ಎಂದಳು.

ಒಳಗೆ ಅತ್ತೆ ಇದನ್ನು ತೂಗಿ ನೋಡಿರಬೇಕು. ಸ್ವಲ್ಪ ಹೊತ್ತಿನ ಮೇಲೆ ಬೆನ್ನ ಹಿಂದೆ ವಾಕರಿನ ಟಕ್ ಟಕ್ ಕೇಳಿಸಿತು.

ಹೀಗೆ ನನ್ನ ಆಟ ನನ್ನ ಡ್ಯೂಟಿಯಾಯಿತು. ಬೇಸರವಾದರೂ ನಿಲ್ಲಿಸುವಂತಿಲ್ಲ, ಕತ್ತು ಹಿಡಿದರೂ ತಿರುಗುವಂತಿಲ್ಲ. ಆಕಳಿಕೆ ಬಂದು ಕೈ ಸಡಿಲಿಸಿದರೆ ಹಿಂದೆ ಟಕ್ ಟಕ್ ನಿಂತುಬಿಡುತ್ತದೆ, ಅಡಿಗೆಮನೆಯಿಂದ ಗಿರಿಜಾ 'ಆಡ್ರಿ, ಆಡ್ರಿ' ಎನ್ನುತ್ತಾಳೆ. ಆಡುವವರಿಗೆ ಮನೆಯವರು ಬೈಯುವುದನ್ನು ಕೇಳಿದ್ದೇನೆ. ಆಡದಿದ್ದಕ್ಕೆ ಬೈಸಿಕೊಂಡವನು ಬಳ್ಳಾರಿ ಸೀಮೆಯಲ್ಲಿ ನಾನೊಬ್ಬನೇ ಇರಬೇಕು.

ನಡೆಯುವವರಿಗೆ ಕಣ್ಣಿರುತ್ತದಲ್ಲ. ನಮ್ಮ ವೀರ ಯಾವುದೋ ಹಳ್ಳಿಗೆ ಹೋಗಿ ಒಂದು ಮನೆಗೆ ನುಗ್ಗಿ ಅಲ್ಲಿದ್ದ ಗಡಿಗೆಗಳನ್ನು ಕತ್ತಿಯಿಂದ ಒಡೆದ. ಇಂಥ ಆಟಗಳ ಪದ್ಧತಿಯೇ ಹಾಗೆ, ಗಡಿಗೆ ಒಡೆದರೆ ಒಳಗೆ ನಾಣ್ಯ ಸಿಗುತ್ತದೆ. ಹಿಂದೆ ಟಕ್ ಟಕ್ ನಿಂತಿತು.

'ಗಿರಿಜಾ, ಅದು ಯಾರ ಮನಿಯಂತ ಕೇಳು.'

'ಗೊತ್ತಿಲ್ಲಂತವ್ವ.'

'ಗುರ್ತಿಲ್ಲದವರ ಮನಿ ಹೊಕ್ಕು ಗಡಿಗಿ ಯಾಕ ಒಡ್ಯಾಕತ್ತಾರ? ಕಾಲಾಗ ಚಪ್ಪಲಿ ಬ್ಯಾರೆ. ಆ ಹೆಣ್ಮಗಳು ಮೂಲ್ಯಾಗ ನಿಂತು ನೋಡಾಕತ್ಯಾಳ, ಆಕಿ ಏನಂದ್ಕೊಂಡಾಳು?'

ಅಂದಿನಿಂದ ವೀರ ಗಡಿಗೆ ಒಡೆಯುವುದನ್ನು ಬಿಟ್ಟ, ನಾಣ್ಯವಿಲ್ಲದೆ ಹಳೆಯ ಮೊಂಡು ಕತ್ತಿಯಲ್ಲೇ ದಿನ ತಳ್ಳಿದ. ಮುಂದೆ ಅವನು ಪಾಳುಬಿದ್ದ ದೇವಾಲಯವೊಂದರ ಗೋಪುರ ಹತ್ತಿದಾಗ, 'ಹಂಪ್ಯಾಗ ಹಿಂಗ ಹತ್ತಿದ್ರ ವಾಚಮನ್ ಸೀಟಿ ಊದ್ತಾನ' ಎಂಬ ಮಾತು ಬಂತು. ಅವನನ್ನು ಕೆಳಗೆ ಇಳಿಸಿದೆ. ಲೋಕ ಉಳಿಸುವ ಕೆಲಸ ಹಾಗೇ ಬಿದ್ದಿತ್ತು. ಆದರೆ ಟಕ್ ಟಕ್ ದಿನದಿನಕ್ಕೆ ಗಟ್ಟಿಯಾಗುತ್ತಿತ್ತು.

ಆಮೇಲೆ ಆ ಸಂಜೆ ಬಂತು. ಕರಡಿಯಂಥ ಒಂದು ಪ್ರಾಣಿ ವೀರನನ್ನು ಬಂಡೆಗೆ ಒತ್ತಿ ಹಾಕಿತ್ತು. ನನಗೆ ಯಾವ ಗುಂಡಿಯೂ ನೆನಪಾಗುತ್ತಿಲ್ಲ. 'ಗಿರಿಜಾ, ಎಡಕ್ಕ ಸರೀರಿ ಅನ್ನು' ಎಂದರು ಅತ್ತೆ. ಅಡಿಗೆಮನೆಯಲ್ಲಿ ಕುಕ್ಕರ್ ಕೂಗುತ್ತಿತ್ತು, ಗಿರಿಜಾಳಿಗೆ ಕೇಳಿಸಲಿಲ್ಲ. 'ಗಿರಿಜಾ.' ಮತ್ತೆ ಕುಕ್ಕರ್. ಪ್ರಾಣಿ ಕೈ ಎತ್ತಿತು.

'ಎಡಕ್ಕ ಸರಿಯೋ ತಮ್ಮಾ.'

ಸರಿದೆ. ಪ್ರಾಣಿಯ ಏಟು ಬಂಡೆಗೆ ಬಿತ್ತು, ವೀರ ಉಳಿದ. ಅತ್ತೆ ನನ್ನ ಜೊತೆ ಮಾತಾಡಿಬಿಟ್ಟಿದ್ದರು, ಅದೂ ಏಕವಚನದಲ್ಲಿ. ಕುಕ್ಕರ್ ಸುಮ್ಮನಾದ ಮೇಲೆ ಬಹಳ ಗಂಭೀರವಾದ ಒಂದು ಹೇಳಿಕೆ ಅಡಿಗೆಮನೆಯ ಕಡೆ ಹೊರಟಿತು: 'ಗಿರಿಜಾ, ನಾ ಅಳಿಯಂದ್ರಿಗೆ ಅನ್ನಲಿಲ್ಲವ್ವ. ಆ ಕುದುರಿ ಹುಡುಗಗ ಅಂದೆ.'

ದಾರಿ ಸಿಕ್ಕಿಬಿಟ್ಟಿತು ನೋಡಿ. ಅಳಿಯನ ಜೊತೆ ಮಾತಾಡಬಾರದು, ನಿಜ. ಟಿ.ವಿ.ಯೊಳಗಿನ ಹುಡುಗನ ಜೊತೆ ಮಾತಾಡಬಾರದೆಂದು ಯಾವ ಹಿರಿಯರೂ ಹೇಳಿಟ್ಟಿಲ್ಲ. ಬಿಗಿ ಹಿಡಿದ ಮಾತೆಲ್ಲ ಈಗ ಹೊರಗೆ ಬಂತು. 'ಲೇ ತಮ್ಮಾ, ಕಣ್ಣು ಎಲ್ಲಿ ಇಟ್ಟಿ, ಹೊಳ್ಯಾಗ ಬೀಳ್ತಿ.' 'ಹುಚ್ಚಪ್ಯಾಲಿ, ಕುದುರಿಗೆ ಯಾರಾದ್ರೂ ಹೊಡೀತಾರೇನು?' ನಾನು ತುಟಿ ಪಿಟಕ್ಕೆನ್ನದೆ ಬೈಸಿಕೊಂಡೆ. ಬೈಯುತ್ತ ಬೈಯುತ್ತ ಅವರು ವಾಕರ್ ಬಿಟ್ಟು ಗೋಡೆ ಹಿಡಿದು ನಡೆಯುತ್ತಿದ್ದಾರೆ ಎಂಬುದು, ಟಕ್ ಟಕ್ ಕೇಳದೆ ಬಳೆಯ ಸಪ್ಪಳ ಗೋಡೆಗುಂಟ ಬಂದಾಗ ತಿಳಿಯಿತು. ತಿರುಗಿ ನೋಡಬೇಕೆಂದು ಭಾಳ ಅನಿಸಿತು. ನೋಡಲಿಲ್ಲ.

ಅವರು ಹೊರಡುವ ಮುಂಚಿನ ವಾರ. ನಾನು ಎಂದಿನಂತೆ ಸಂಡೂರಿನಿಂದ ಬಂದವನು ದಿಂಬಿನ ಮೇಲೆ ಕೂತು ಆಟ ಹಚ್ಚಿದ್ದೆ. ವೀರ ಹಿಮದ ಬೆಟ್ಟದಲ್ಲಿದ್ದ. ಬೆಟ್ಟ ಬಿಳಿ, ಕುದುರೆ ಬಿಳಿ, ಅವನ ಅಂಗಿಯೂ ಬಿಳಿ. ಬಳೆಯ ಸಪ್ಪಳ ನನ್ನ ಹಿಂದೆ ಹತ್ತಿರದಲ್ಲೇ ನಿಂತಿತು.

'ಕುತ್ತಿಗಿ, ಕಿವಿ ಹಿಂದ, ಎಲ್ಲಾ ಕೆಂಪು ಧೂಳು. ಹೊತ್ತು ಹುಟ್ಟದ್ರಾಗ ಹೋಗಿ ಹೊತ್ತು ಮುಣುಗಿದ ಮ್ಯಾಲೆ ಬಂದೀಯಪ್ಪ. ಮೊದ್ಲು ಮಾರಿ ತೊಳ್ಕೊಂಡು ಒಂದು ತುತ್ತು ಉಣ್ಣು ತಮ್ಮಾ. ಗುಡ್ಡ ಎಲ್ಲಿಗೂ ಹೋಗಂಗಿಲ್ಲ.'

ಪರದೆಯ ಮೇಲೆ ಹಿಮ ಬೀಳುತ್ತಲೇ ಇತ್ತು. ನನಗೆ ಗುಂಡಿಗಳು ಕಾಣಲಿಲ್ಲ, ಕಣ್ಣು ಮಂಜಾಗಿತ್ತು. ನನ್ನ ತಾಯಿ ತೀರಿದ ಮೇಲೆ ನನಗೆ ಉಣ್ಣು ಎಂದವರಿದ್ದಾರೆ, ನನ್ನ ಕುತ್ತಿಗೆಯ ಅದಿರಿನ ಧೂಳು ನೋಡಿದವರಿರಲಿಲ್ಲ. ಗಿರಿಜಾ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳು ಯಾರ ಮಾತನ್ನೂ ಯಾರಿಗೂ ದಾಟಿಸಲಿಲ್ಲ.

ಡಾಕ್ಟರು ಕಾಲು ಮಡಚಿ ನೋಡಿ ಭೇಷ್ ಎಂದ ಮೇಲೆ ಅತ್ತೆ ಕಂಪ್ಲಿಗೆ ಹೊರಟರು. ಕಾರು ಹತ್ತುವಾಗ ಸೆರಗು ಮುಂದೆಳೆದು, ನನ್ನ ಕಡೆ ನೋಡದೆ, 'ಹೋಗಿ ಬರ್ತೀನಂತ ಅಳಿಯಂದ್ರಿಗೆ ಹೇಳು' ಎಂದರು. 'ಹುಷಾರಂತ ಹೇಳು' ಎಂದು ನಾನೂ ಗಿರಿಜಾಳಿಗೆ ಹೇಳಿದೆ.

ಈಗ ಹಾಲು ಪೂರ್ತಿ ನನ್ನದು. ಯಾವ ಕಡೆ ಬೇಕಾದರೂ ಮುಖ ಮಾಡಿ ಕೂರಬಹುದು. ಆಡಲು ಮಾತ್ರ ಮನಸ್ಸಿಲ್ಲ, ಬೈಯುವವರಿಲ್ಲದ ಆಟ ಉಪ್ಪಿಲ್ಲದ ಸಾರಿನ ಹಾಗಿದೆ. ಸಂಜೆ ಅತ್ತೆಯ ಫೋನ್ ಬರುತ್ತದೆ, ಗಿರಿಜಾಳಿಗೆ. ಕಾಲು, ಮಾತ್ರೆ, ಪಕ್ಕದ ಮನೆಯವರ ಸುದ್ದಿ ಎಲ್ಲ ಆದ ಮೇಲೆ ಅವಳು ಫೋನ್ ಕಿವಿಯಿಂದ ಸ್ವಲ್ಪ ಸರಿಸಿ, 'ಆ ಕುದುರಿ ಹುಡುಗ ಹೆಂಗದಾನಂತ ಕೇಳಾಕತ್ಯಾಳ ಅವ್ವ' ಎನ್ನುತ್ತಾಳೆ.

ಮೊನ್ನೆ ಘಾಟಿನಲ್ಲಿ ಒಂದು ಲಾರಿ ಅಡ್ಡ ಬಿದ್ದು, ಸರದಿಯೆಲ್ಲ ಕಲಸಿ, ಡ್ರೈವರುಗಳು ನನ್ನ ಟೇಬಲ್ ಸುತ್ತ ನಿಂತು ಕೂಗಾಡಿ, ನಾನು ಮನೆ ಸೇರಿದಾಗ ಮೈಯಲ್ಲಿ ಜೀವವಿರಲಿಲ್ಲ. ಚಪ್ಪಲಿ ಬಿಟ್ಟವನು ದಿಂಬಿನ ಮೇಲೆ ಹಾಗೇ ಕೂತಿದ್ದೆ. ಫೋನ್ ಹಿಡಿದ ಗಿರಿಜಾ ಎಂದಿನ ಪ್ರಶ್ನೆ ಕೇಳಿದಳು.

'ಭಾಳ ದಣದಾನಂತ ಹೇಳು' ಎಂದೆ.

ಅವಳು ಹೇಳಿದಳು. ಆಮೇಲೆ, 'ಹಂಗಿದ್ರ ಇವತ್ತು ಅವನ್ನ ಆಡಸಬ್ಯಾಡ್ರಿ, ಉಂಡು ಮಲಕ್ಕೊಳ್ಳಲಿ ಅಂತಾಳ' ಎಂದಳು ಗಿರಿಜಾ.

ನೇರವಾಗಿ ಮಾತಾಡಲಾರದ ಅತ್ತೆಯನ್ನು ನಿಮ್ಮ ಮುಂದೆ ಇಷ್ಟು ಹೊತ್ತು ಆಡಿಕೊಂಡೆ. ನನಗೆ ದಣಿವಾಗಿದೆ ಎಂದು ಹೇಳಿಕೊಳ್ಳಲು ನನಗೂ ಆ ಹುಡುಗನೇ ಬೇಕಾದ. ಎದ್ದು ಮುಖ ತೊಳೆದು ಊಟಕ್ಕೆ ಕೂತೆ. ಟಿ.ವಿ.ಯನ್ನು ನಾನು ಅವತ್ತು ಹಚ್ಚೇ ಇರಲಿಲ್ಲ.